ಜಾಗ ಚೆನ್ನಾಗಿದೆ, ಮನೆ ಹಳೇದು: ಕೊಳ್ಳುವ ಮುಂಚೆ ಏನೇನು ನೋಡಬೇಕು?

ಬೆಂಗಳೂರಿನ ಜಯನಗರ, ಬಸವನಗುಡಿ, ಮಲ್ಲೇಶ್ವರದ ಕಡೆ ಮನೆ ಹುಡುಕುವವರಿಗೆ ಒಂದಲ್ಲ ಒಂದು ದಿನ ಇಂಥ ಮನೆ ಸಿಕ್ಕೇ ಸಿಗುತ್ತದೆ. ಮುಂದೆ ಹೊಂಗೆ ಮರ. ಹತ್ತು ನಿಮಿಷ ನಡೆದರೆ ಮೆಟ್ರೋ. ಹಾಲು, ತರಕಾರಿ, ದೇವಸ್ಥಾನ, ಡಾಕ್ಟರು ಎಲ್ಲ ಕಾಲಳತೆಯಲ್ಲಿ. ಒಳಗೆ ಕಾಲಿಟ್ಟರೆ ಮಾತ್ರ ಐವತ್ತು ವರ್ಷದ ಹಿಂದಿನ ಅಡುಗೆಮನೆ, ಹಿತ್ತಲಿನಲ್ಲಿ ಬಚ್ಚಲು, ಗೋಡೆಯಲ್ಲಿ ತೇವ, ಮೀಟರ್ ಬೋರ್ಡಿನಲ್ಲಿ ಪಿಂಗಾಣಿ ಫ್ಯೂಸು. ನಾವು ಎರಡು ವರ್ಷ ಇಂಥ ಮನೆಗಳನ್ನೇ ಸುತ್ತಿ, ಕೊನೆಗೆ ಜಯನಗರದಲ್ಲಿ ಒಂದನ್ನು ಕೊಂಡೆವು. ಆಗ ಕಲಿತಿದ್ದನ್ನು ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಒಂದು ಕೆಲಸ ಮಾಡಿ. ಮಾರುವವರು ಹೇಳುವ ಬೆಲೆಯನ್ನು ಎರಡು ಭಾಗ ಮಾಡಿ: ಸೈಟಿಗೆ ಎಷ್ಟು, ಕಟ್ಟಡಕ್ಕೆ ಎಷ್ಟು. ಆ ರಸ್ತೆಯಲ್ಲಿ ಇತ್ತೀಚೆಗೆ ಯಾವ ದರಕ್ಕೆ ವ್ಯಾಪಾರ ಆಗಿದೆ ಅಂತ ಇಬ್ಬರು ಮೂವರು ಬ್ರೋಕರ್‌ಗಳ ಹತ್ತಿರ ಬೇರೆ ಬೇರೆಯಾಗಿ ಕೇಳಿ. ಉದಾಹರಣೆಗೆ ಚದರ ಅಡಿಗೆ 20,000 ಅಂದುಕೊಳ್ಳೋಣ. 30x40 ಸೈಟು ಅಂದರೆ 1200 ಚದರ ಅಡಿ, 2 ಕೋಟಿ 40 ಲಕ್ಷ. ಅವರು 2 ಕೋಟಿ 75 ಲಕ್ಷ ಕೇಳುತ್ತಿದ್ದರೆ ಆ ಹತ್ತು ಚದರದ (1000 ಚದರ ಅಡಿಯ) ಹಳೇ ಮನೆಗೆ ನೀವು 35 ಲಕ್ಷ ಕೊಡುತ್ತಿದ್ದೀರಿ. ಆ ಮನೆ ಅಷ್ಟು ಬಾಳುತ್ತದಾ? ಇದೊಂದು ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಮನೆ ನೋಡಲು ಹೋಗಿ. ಕೆಡವಲೇಬೇಕಾದ ಮನೆಯಾದರೆ ಅದರ ಬೆಲೆ ಸೊನ್ನೆ. ಕೆಡವುವ ಖರ್ಚೂ ನಿಮ್ಮದೇ. ಚೌಕಾಸಿ ಅಲ್ಲಿಂದ ಶುರುವಾಗಬೇಕು.

ಜಾಗ ಚೆನ್ನಾಗಿದೆ ಅನ್ನುವುದನ್ನೂ ಸುಮ್ನೆ ಒಪ್ಪಿಕೊಳ್ಳಬೇಡಿ. ಬೆಳಿಗ್ಗೆ ಎಂಟಕ್ಕೆ ಒಮ್ಮೆ, ಸಂಜೆ ಆರೂವರೆಗೆ ಒಮ್ಮೆ, ರಾತ್ರಿ ಹತ್ತಕ್ಕೆ ಒಮ್ಮೆ ಆ ರಸ್ತೆಯಲ್ಲಿ ನಡೆಯಿರಿ. ಪಕ್ಕದ ಮನೆ ಪಿಜಿ ಆಗಿದೆಯಾ, ಎದುರಿಗೆ ಹೋಟೆಲ್ ಬಂದಿದೆಯಾ, ಗೇಟಿನ ಮುಂದೆ ಬೇರೆಯವರ ಕಾರು ನಿಂತೇ ಇರುತ್ತದಾ ನೋಡಿ. ರಸ್ತೆ ಅಗಲ ಮಾಡುವ ಗುರುತು ಆ ಸೈಟಿನ ಮೇಲೆ ಬಿದ್ದಿದೆಯಾ ಅಂತ ಮಾಸ್ಟರ್ ಪ್ಲ್ಯಾನ್ ನಕ್ಷೆಯಲ್ಲಿ ವಕೀಲರಿಂದಲೋ ಆರ್ಕಿಟೆಕ್ಟ್‌ರಿಂದಲೋ ತೆಗೆಸಿ ನೋಡಿ. ಅಕ್ಕಪಕ್ಕದ ಮನೆಗಳೂ ಹಳೆಯ ಒಂದಂತಸ್ತಿನವೇ ಆಗಿದ್ದರೆ ಇವತ್ತು ಗಾಳಿ ಬೆಳಕು ಚೆನ್ನಾಗಿರುತ್ತದೆ. ನಾಳೆ ಅವರು ನಾಲ್ಕು ಮಹಡಿ ಎಬ್ಬಿಸಿದರೆ ನಿಮ್ಮ ನಡುಮನೆಗೆ ಮಧ್ಯಾಹ್ನವೂ ಲೈಟ್ ಹಾಕಬೇಕಾಗುತ್ತದೆ.

ನೀರಿನ ಬಗ್ಗೆ ನಾಚಿಕೆ ಬಿಟ್ಟು ಕೇಳಿ. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಎಷ್ಟೊಂದು ಬೋರ್‌ವೆಲ್ ಬತ್ತಿ ಹೋದವು, ಎಲ್ಲರಿಗೂ ನೆನಪಿದೆ. ಕಾವೇರಿ ನೀರು ವಾರಕ್ಕೆ ಎಷ್ಟು ಸಲ ಬರುತ್ತದೆ, ಸಂಪು ಎಷ್ಟು ಲೀಟರಿನದು, ಆ ವರ್ಷ ಟ್ಯಾಂಕರ್ ಹಾಕಿಸಿದಿರಾ ಅಂತ ಪಕ್ಕದ ಮನೆಯವರನ್ನು ಕೇಳಿ. ಮಾರುವವರಿಗಿಂತ ಅವರು ಸರಿಯಾಗಿ ಹೇಳುತ್ತಾರೆ.

ಇನ್ನು ಮನೆ. ಸಾಧ್ಯವಾದರೆ ಜೋರು ಮಳೆ ಬಂದ ಮಾರನೇ ದಿನ ಹೋಗಿ. ಬೇಸಿಗೆಯಲ್ಲಿ ಹೊಸ ಸುಣ್ಣಬಣ್ಣ ಹೊಡೆದ ಗೋಡೆ ಏನನ್ನೂ ಹೇಳುವುದಿಲ್ಲ. ನಾವು ಇಷ್ಟಪಟ್ಟ ಮೊದಲ ಮನೆಯನ್ನು ಏಪ್ರಿಲ್‌ನಲ್ಲಿ ನೋಡಿದಾಗ ಬೆಳ್ಳಗೆ ಹೊಳೆಯುತ್ತಿತ್ತು. ಜೂನ್‌ನಲ್ಲಿ ಎರಡನೇ ಸಲ ಹೋದಾಗ ದೇವರ ಮನೆಯ ಗೋಡೆ ಮೊಣಕಾಲೆತ್ತರದವರೆಗೆ ಒದ್ದೆ, ಬಣ್ಣ ಹಪ್ಪಳದ ಹಾಗೆ ಎದ್ದು ನಿಂತಿತ್ತು. ಹೊರಗೆ ಬಂದು ನೋಡಿದರೆ ಕಾರಣ ಕಣ್ಣ ಮುಂದೆಯೇ ಇತ್ತು. ಆ ಮನೆಗೆ ಒಂದು ಕಾಲದಲ್ಲಿ ಎರಡು ಮೆಟ್ಟಿಲು ಹತ್ತಿ ಹೋಗಬೇಕಿತ್ತಂತೆ. ರಸ್ತೆಗೆ ಟಾರಿನ ಮೇಲೆ ಟಾರು ಹಾಕಿ ಹಾಕಿ, ಈಗ ಗೇಟಿನಿಂದ ಒಳಗೆ ಒಂದು ಮೆಟ್ಟಿಲು ಇಳಿಯಬೇಕು. ಮಳೆ ನೀರು ಹೋಗುವುದೆಲ್ಲಿಗೆ? ಹೀಗೆ ರಸ್ತೆಗಿಂತ ಕೆಳಗೆ ಕೂತ ಮನೆಯನ್ನು ಬಣ್ಣ, ಕೆಮಿಕಲ್ ಹೊಡೆದು ಸರಿ ಮಾಡಲು ಆಗುವುದಿಲ್ಲ. ಅಂಥದ್ದನ್ನು ಸೈಟಿನ ಬೆಲೆಗೆ ಮಾತ್ರ ಕೇಳಿ, ಇಲ್ಲದಿದ್ದರೆ ಬಿಟ್ಟುಬಿಡಿ.

ಕಟ್ಟಡ ಯಾವ ಕಾಲದ್ದು ಅನ್ನುವುದರ ಮೇಲೆ ಏನು ನೋಡಬೇಕು ಅನ್ನುವುದು ಬದಲಾಗುತ್ತದೆ. ಬಸವನಗುಡಿ, ಮಲ್ಲೇಶ್ವರ 1898ರ ಪ್ಲೇಗ್ ಕಾಲದಲ್ಲಿ ಹುಟ್ಟಿದ ಬಡಾವಣೆಗಳು. ಅಲ್ಲಿ ಉಳಿದಿರುವ ತೀರಾ ಹಳೇ ಮನೆಗಳಲ್ಲಿ ಸುಣ್ಣದ ಗಾರೆ ಅಥವಾ ಮಣ್ಣಿನ ಗಾರೆಯ ಗೋಡೆ, ಮಂಗಳೂರು ಹೆಂಚು, ಇಲ್ಲವೇ ಮರದ ತೊಲೆಗಳ ಮೇಲೆ ಇಟ್ಟಿಗೆ ಜೋಡಿಸಿದ ಮದ್ರಾಸ್ ತಾರಸಿ ಇರುತ್ತದೆ. ಇಲ್ಲಿ ಶತ್ರು ಗೆದ್ದಲು ಮತ್ತು ನೀರು. ತೊಲೆ ಗೋಡೆಯೊಳಗೆ ಹೋಗುವ ಜಾಗದಲ್ಲಿ ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಗಟ್ಟಿ ಮರವಾದರೆ ತುದಿ ನಿಲ್ಲುತ್ತದೆ, ಗೆದ್ದಲು ತಿಂದಿದ್ದರೆ ಬೆಣ್ಣೆಗೆ ಚುಚ್ಚಿದ ಹಾಗೆ ಒಳಗೆ ಹೋಗುತ್ತದೆ. ಸುಣ್ಣದ ಗಾರೆಯ ಗೋಡೆಗೆ ಮೇಲಿಂದ ಸಿಮೆಂಟ್ ಬಳಿದಿದ್ದರೆ ಒಳಗಿನ ತೇವ ಹೊರಬರಲು ದಾರಿ ಇಲ್ಲದೆ ಗೋಡೆ ಒಳಗೇ ಹಾಳಾಗುತ್ತಾ ಹೋಗುತ್ತದೆ. ಅದನ್ನು ಗೊತ್ತಿರುವ ಮೇಸ್ತ್ರಿಗೆ ತೋರಿಸಿ.

ಜಯನಗರ 1948ರಲ್ಲಿ ಶುರುವಾದದ್ದು. ಅಲ್ಲಿಯ ಹಳೇ ಮನೆಗಳಲ್ಲಿ ಸಾಮಾನ್ಯವಾಗಿ ಸೈಜುಗಲ್ಲಿನ ಪಾಯ, ಇಟ್ಟಿಗೆ ಗೋಡೆ, ಮೇಲೆ ಮೋಲ್ಡು, ಅಂದರೆ ಕಂಬಿ ಕಟ್ಟಿ ಹಾಕಿದ ಕಾಂಕ್ರೀಟ್ ಚಾವಣಿ. ಗೋಡೆ ಎಷ್ಟೋ ಸಲ ಈಗಿನದಕ್ಕಿಂತ ಗಟ್ಟಿ. ಕೈಕೊಡುವುದು ಮೋಲ್ಡು. ತಾರಸಿಯಿಂದ ನೀರು ಇಳಿದು ಒಳಗಿನ ಕಂಬಿ ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿದ ಕಂಬಿ ಊದಿಕೊಳ್ಳುತ್ತದೆ, ಊದಿಕೊಂಡು ಕೆಳಗಿನ ಕಾಂಕ್ರೀಟನ್ನು ತಳ್ಳಿ ಬೀಳಿಸುತ್ತದೆ. ಬಚ್ಚಲು, ಅಡುಗೆಮನೆ, ಸಜ್ಜಾಗಳ ಕೆಳಗೆ ಇದು ಜಾಸ್ತಿ. ಒಂದು ಸ್ಪ್ಯಾನರ್ ಹಿಡಿದು ಸ್ಟೂಲಿನ ಮೇಲೆ ನಿಂತು ಮೆಲ್ಲಗೆ ತಟ್ಟುತ್ತಾ ಬನ್ನಿ. ಟಣ್ ಟಣ್ ಅಂದರೆ ಸರಿ. ಮಡಕೆ ತಟ್ಟಿದ ಹಾಗೆ ಡೊಬ್ ಅಂದರೆ ಒಳಗೆ ಟೊಳ್ಳು ಬಿದ್ದಿದೆ. ನಾವು ಕೊಂಡ ಮನೆಯ ಬಚ್ಚಲಿನಲ್ಲಿ ಎರಡು ಮೂರು ಅಡಿ ಜಾಗ ಹೀಗೆ ಶಬ್ದ ಮಾಡಿತ್ತು, ಉಳಿದ ಕಡೆ ಎಲ್ಲೂ ಇಲ್ಲ. ಅದಕ್ಕೇ ಧೈರ್ಯ ಬಂತು. ಬಚ್ಚಲು ಒಂದನ್ನೇ ಒಡೆದು ಹೊಸ ಮೋಲ್ಡು ಹಾಕಿಸಿದೆವು. ಅದೇ ಶಬ್ದ ನಡುಮನೆ, ರೂಮು ಎಲ್ಲ ಕಡೆ ಬಂದರೆ ಸ್ಟ್ರಕ್ಚರಲ್ ಎಂಜಿನಿಯರ್ ನೋಡದೆ ಒಂದು ರೂಪಾಯಿ ಅಡ್ವಾನ್ಸ್ ಕೊಡಬೇಡಿ. ಅವರ ಫೀಸು ನೀವು ಹಾಕುವ ದುಡ್ಡಿನ ಮುಂದೆ ಏನೂ ಅಲ್ಲ.

ಹಳೇ ಮನೆಯಲ್ಲಿ ಗೋಡೆಗಳೇ ಭಾರ ಹೊರುತ್ತವೆ ಅನ್ನುವುದು ನೆನಪಿರಲಿ. ಅಡುಗೆಮನೆಯ ಗೋಡೆ ಒಡೆದು ಹಾಲ್ ದೊಡ್ಡದು ಮಾಡೋಣ, ಮೇಲೆ ಇನ್ನೊಂದು ಮನೆ ಕಟ್ಟಿ ಬಾಡಿಗೆಗೆ ಕೊಡೋಣ ಅಂತ ಲೆಕ್ಕ ಹಾಕಿದ್ದರೆ, ಪಾಯ ಮತ್ತು ಗೋಡೆ ಅದನ್ನು ತಡೆಯುತ್ತವಾ ಅಂತ ಮೊದಲೇ ಕೇಳಿ.

ವೈರಿಂಗ್, ಪೈಪು ಎರಡನ್ನೂ ಪೂರ್ತಿ ಹೊಸದಾಗಿ ಹಾಕಿಸಬೇಕು ಅಂತಲೇ ಲೆಕ್ಕ ಇಟ್ಟುಕೊಳ್ಳಿ. ಅರ್ಥಿಂಗ್ ಇಲ್ಲದ ಹಳೇ ತಂತಿ ಗೀಸರ್, ಇಂಡಕ್ಷನ್ ಒಲೆ, ಎಸಿ ತಡೆಯುವುದಿಲ್ಲ. ಹಳೇ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಒಳಗಿನಿಂದ ತುಕ್ಕು ಕಟ್ಟಿಕೊಂಡಿರುತ್ತದೆ. ಬೆಳಿಗ್ಗೆ ಮೊದಲು ನಲ್ಲಿ ತಿರುಗಿಸಿದಾಗ ಕಾಫಿ ಬಣ್ಣದ ನೀರು ಬಂದರೆ ಗೊತ್ತಾಗುತ್ತದೆ.

ಆದರೆ ಅಡುಗೆಮನೆ ಹಳೇದು, ಟೈಲ್ಸ್ ಚೆನ್ನಾಗಿಲ್ಲ, ಬಣ್ಣ ಮಾಸಿದೆ ಅನ್ನುವುದಕ್ಕೆಲ್ಲ ದಯವಿಟ್ಟು ಮನೆ ಬಿಡಬೇಡಿ. ಅದೆಲ್ಲ ದುಡ್ಡು ಮತ್ತು ಎರಡು ಮೂರು ತಿಂಗಳಲ್ಲಿ ಸರಿಹೋಗುವ ವಿಷಯ. ತೇಗದ ಬಾಗಿಲು, ರೆಡ್ ಆಕ್ಸೈಡ್ ನೆಲ, ದಪ್ಪ ಗೋಡೆಯ ತಂಪು ಇವನ್ನು ಇವತ್ತು ಅದೇ ದುಡ್ಡಿಗೆ ಮಾಡಿಸಲು ಆಗುವುದಿಲ್ಲ. ನಮ್ಮ ನಡುಮನೆಯ ಕೆಂಪು ನೆಲದ ಮೇಲೆ ಯಾರೋ ವಿನೈಲ್ ಶೀಟ್ ಅಂಟಿಸಿದ್ದರು. ಕಿತ್ತು, ಗೋಂದು ಕೆರೆದು, ಪಾಲಿಷ್ ಹಾಕಿಸಿದ ಮೇಲೆ ಮನೆಗೆ ಬಂದವರೆಲ್ಲ ಮೊದಲು ನೋಡುವುದು ಆ ನೆಲವನ್ನೇ. ಹಳೇದು ಅಂದ ಕೂಡಲೇ ಕೆಡವುವ ಅವಸರ ನನಗೆ ಹೊಟ್ಟೆ ಉರಿಸುತ್ತದೆ. ಕೆಡವಿದ ಮೇಲೆ ಈಗಿನ ನಿಯಮದ ಪ್ರಕಾರ ಸುತ್ತ ಜಾಗ ಬಿಡಬೇಕು, ಎಷ್ಟು ಕಟ್ಟಬಹುದು ಅನ್ನುವುದು ರಸ್ತೆಯ ಅಗಲದ ಮೇಲೂ ನಿಂತಿರುತ್ತದೆ, ಮಳೆನೀರು ಸಂಗ್ರಹವನ್ನೂ ಮಾಡಿಸಬೇಕು. ಮನಸ್ಸಿನಲ್ಲಿರುವ ಮನೆ ಆ ಸೈಟಿನಲ್ಲಿ ಕೂರುತ್ತದಾ ಅಂತ ಕೊಳ್ಳುವ ಮುಂಚೆಯೇ ಒಂದು ನಕ್ಷೆ ಬರೆಸಿ ನೋಡಿ.

ದುಡ್ಡಿನ ಲೆಕ್ಕದಲ್ಲಿ ಎಡವುವವರೇ ಜಾಸ್ತಿ. 75 ಲಕ್ಷಕ್ಕಿಂತ ದೊಡ್ಡ ಗೃಹಸಾಲಕ್ಕೆ ಬ್ಯಾಂಕು ಮನೆ ಬೆಲೆಯ 75%ಕ್ಕಿಂತ ಹೆಚ್ಚು ಕೊಡುವಂತಿಲ್ಲ ಅನ್ನುವುದು ರಿಸರ್ವ್ ಬ್ಯಾಂಕ್ ನಿಯಮ. ಆ ಬೆಲೆಯನ್ನೂ ಅವರ ವ್ಯಾಲ್ಯುಯರ್ ಕಟ್ಟುತ್ತಾರೆ, ಹಳೇ ಕಟ್ಟಡಕ್ಕೆ ಕಡಿಮೆಯೇ ಹಾಕುತ್ತಾರೆ. ನೋಂದಣಿ ಖರ್ಚು ಸಾಲದಲ್ಲಿ ಸೇರುವುದಿಲ್ಲ. ಮುದ್ರಾಂಕ ಶುಲ್ಕ ಸೆಸ್, ಸರ್‌ಚಾರ್ಜ್ ಸೇರಿ 5.6%, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1% ಇದ್ದದ್ದು 2% ಆಗಿದೆ. ಒಟ್ಟು 7.6%. ಮೇಲಿನ 2 ಕೋಟಿ 75 ಲಕ್ಷದ ಮನೆಗೆ ಬರೀ ಇದೇ ಸುಮಾರು 21 ಲಕ್ಷ. ಬ್ಯಾಂಕು ಪೂರ್ತಿ 75% ಕೊಟ್ಟರೂ ನಿಮ್ಮ ಕೈಯಿಂದ 69 ಲಕ್ಷ, ಅದರ ಮೇಲೆ ಈ 21, ಅಂದರೆ 90 ಲಕ್ಷ. ಇನ್ನೂ ಒಂದು ಇಟ್ಟಿಗೆ ಮುಟ್ಟಿಲ್ಲ! ರಿಪೇರಿ ದುಡ್ಡು, ಕೆಲಸ ಮುಗಿಯುವವರೆಗೆ ಇಎಂಐ ಜೊತೆಗೆ ಈಗಿನ ಮನೆಯ ಬಾಡಿಗೆ, ಇವೆರಡನ್ನೂ ಸೇರಿಸಿ. ಮೇಸ್ತ್ರಿ ಹೇಳಿದ ರಿಪೇರಿ ಖರ್ಚಿಗೆ ಇನ್ನೂ ಕಾಲು ಭಾಗ ಕೂಡಿಸಿ. ಹಳೇ ಗೋಡೆ ಒಡೆದಾಗ ಏನಾದರೂ ಒಂದು ಸಿಕ್ಕೇ ಸಿಗುತ್ತದೆ. ಇಷ್ಟೆಲ್ಲ ಕೂಡಿದ ಮೊತ್ತದಲ್ಲಿ ಅದೇ ಏರಿಯಾದಲ್ಲಿ ರೆಡಿ ಮನೆ ಸಿಗುತ್ತಿದ್ದರೆ ಈ ಮನೆ ನಿಮಗೆ ಬೇಡ. ಬೆಲೆ 50 ಲಕ್ಷ ದಾಟಿದರೆ ಮಾರುವವರಿಗೆ ಕೊಡುವ ದುಡ್ಡಿನಲ್ಲಿ 1% ಟಿಡಿಎಸ್ ಹಿಡಿದು ಆದಾಯ ತೆರಿಗೆ ಇಲಾಖೆಗೆ ನೀವೇ ಕಟ್ಟಬೇಕು. ಮಾಲೀಕರು ವಿದೇಶದಲ್ಲಿ ನೆಲೆಸಿದ್ದರೆ ಅದು ಇನ್ನೂ ಬಹಳ ಜಾಸ್ತಿ, ಆಡಿಟರ್‌ನ್ನು ಕೇಳದೆ ಮುಂದುವರಿಯಬೇಡಿ.

ಕೊನೆಯದು ಕಾಗದ ಪತ್ರ. ಹಳೇ ಮನೆಯಲ್ಲಿ ಬಿರುಕು ಗೋಡೆಗಿಂತ ಪತ್ರದಲ್ಲೇ ಹೆಚ್ಚು. ಸೈಟು ಸಿಐಟಿಬಿ (ಆಗಿನ ನಗರ ಸುಧಾರಣಾ ಮಂಡಳಿ) ಕಾಲದ್ದಾದರೆ, ಅಂದರೆ 1976ರಲ್ಲಿ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಆಗುವ ಮುಂಚಿನದಾದರೆ, ಹಂಚಿಕೆ ಪತ್ರದಿಂದ ಇವತ್ತಿನ ಮಾಲೀಕರವರೆಗೆ ಒಂದು ಕೊಂಡಿಯೂ ತಪ್ಪದ ಹಾಗೆ ಎಲ್ಲ ಪತ್ರ ಬೇಕು. ಇಸಿ (ಋಣಭಾರ ಪತ್ರ) ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ 2004ರಿಂದ ಈಚಿನದು ಸಿಗುತ್ತದೆ, ಅದಕ್ಕಿಂತ ಹಿಂದಿನದನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ತೆಗೆಸಿ. ಇ-ಖಾತಾ (ಪಾಲಿಕೆಯ ಡಿಜಿಟಲ್ ಖಾತಾ) ಇಲ್ಲದೆ ಈಗ ನೋಂದಣಿಯೇ ಆಗುವುದಿಲ್ಲ. ಎಲ್ಲಕ್ಕಿಂತ ಮುಖ್ಯ ವಾರಸುದಾರರು. ಅಪ್ಪ ವಿಲ್ ಬರೆಯದೆ ತೀರಿಕೊಂಡಿದ್ದರೆ ಅಮ್ಮ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರ ಸಹಿ ಬೇಕು. ಪಿತ್ರಾರ್ಜಿತ ಆಸ್ತಿಯಲ್ಲೂ ಮಗಳಿಗೆ ಮಗನಷ್ಟೇ ಹಕ್ಕು ಅಂತ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳುತ್ತದೆ, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನೂ ಸ್ಪಷ್ಟ ಮಾಡಿದೆ. "ಅಕ್ಕಂದೇನೂ ತಕರಾರಿಲ್ಲ ಸಾರ್, ನಾವು ನೋಡ್ಕೋತೀವಿ" ಅಂತ ಒಂದು ಮನೆಯ ಅಣ್ಣತಮ್ಮಂದಿರು ನಮಗೆ ಹೇಳಿದ್ದರು. ಆ ಅಕ್ಕನಿಗೆ ನಾನೇ ಫೋನ್ ಮಾಡಿದೆ. ಮನೆ ಮಾರಾಟಕ್ಕಿದೆ ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ. ಅವತ್ತೇ ಕೈಬಿಟ್ಟೆವು. ವಂಶವೃಕ್ಷ ಇಟ್ಟುಕೊಂಡು ಒಬ್ಬೊಬ್ಬರ ಜೊತೆ ನೀವೇ ಮಾತಾಡಿ.

ಎಲ್ಲ ಸರಿ ಇದೆ ಅನ್ನಿಸಿದ ಮೇಲೂ ಟೋಕನ್ ಚಿಕ್ಕದೇ ಕೊಡಿ, ಅದೂ ಬ್ಯಾಂಕಿನ ಮೂಲಕ. ಅಗ್ರಿಮೆಂಟಿನಲ್ಲಿ ಇಷ್ಟು ಬರೆಸಿ: ಮೂಲ ಪತ್ರಗಳನ್ನು ಕೊಡುವುದು, ಪತ್ರದಲ್ಲಿ ದೋಷ ಸಿಕ್ಕರೆ ಅಥವಾ ಸಾಲ ಸಿಗದಿದ್ದರೆ ಅಡ್ವಾನ್ಸ್ ವಾಪಸ್ ಮಾಡುವುದು, ಕರೆಂಟು ನೀರು ಕಂದಾಯದ ಬಾಕಿ ತೀರಿಸುವುದು, ಬಾಡಿಗೆಯವರನ್ನೂ ಭೋಗ್ಯದವರನ್ನೂ ಖಾಲಿ ಮಾಡಿಸಿ ಕೊಡುವುದು. ನೋಂದಣಿಯ ದಿನ ಬೆಳಿಗ್ಗೆ ಸೀದಾ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗದೆ ಮೊದಲು ಆ ಮನೆಗೆ ಹೋಗಿ, ಹಿತ್ತಲಿನ ಔಟ್‌ಹೌಸ್ ಕೂಡ ಖಾಲಿ ಇದೆಯಾ ಅಂತ ಬಾಗಿಲು ತೆಗೆಸಿ ನೋಡಿಕೊಂಡು ಆಮೇಲೆ ಸಹಿಗೆ ಹೊರಡಿ.