44,000 ಬಿಟ್ಟು 26,400ಕ್ಕೆ ಇಳಿದೆ, ಫೈಲು ಬೇಗ ಬಂತು

ಫೋನ್ ಲೈನಿನ ಮೇಲೆ ಮೋಡೆಮ್ಮಿನಿಂದ ಇಂಟರ್ನೆಟ್ ಹಿಡಿಯುತ್ತಿದ್ದ ಡಯಲ್‌ಅಪ್ ಕಾಲದ ಮಾತು. ಕನೆಕ್ಟ್ ಆದಾಗ ಸೆಕೆಂಡಿಗೆ 44,000 ಬಿಟ್ ಎಂದು ಕಂಡರೆ ಎಲ್ಲರಿಗೂ ಖುಷಿಯಾಗುತ್ತಿತ್ತು. ನಾನು ಮೋಡೆಮ್ಮಿನ ಕೈಕಟ್ಟಿ 26,400ರಲ್ಲಿ ನಿಲ್ಲಿಸಿದಾಗ ನಕ್ಕವರೇ ಆಮೇಲೆ ಸ್ಟ್ರಿಂಗ್ (ಮೋಡೆಮ್ಮಿಗೆ ಕೊಡುವ ಆಜ್ಞೆಯ ಸಾಲು) ಬರೆಸಿಕೊಂಡು ಹೋದರು.

ಮೊದಲು ಸುಳ್ಳು ಅಂಕಿ ಬಿಡಿ. 1,15,200 ಎಂದು ತೋರಿಸಿದರೆ ಅದು ಕಂಪ್ಯೂಟರಿಗೂ ಮೋಡೆಮ್ಮಿಗೂ ನಡುವಿನ ಪೋರ್ಟಿನ ವೇಗ. ಎಟಿಡಬ್ಲ್ಯು2 ಎಂಬ ಆಜ್ಞೆ ಕೊಟ್ಟ ಮೇಲೇ ಲೈನಿನ ವೇಗ ಕಾಣುವುದು. ಅಳೆಯಲು ಮೊದಲೇ ಕುಗ್ಗಿಸಿದ ಜಿಪ್ ಫೈಲೇ ಬೇಕು. ಟೆಕ್ಸ್ಟ್ ಫೈಲಿನಲ್ಲಿ ವಿ.42ಬಿಸ್ ಎಂಬ ಮೋಡೆಮ್ಮಿನ ವಿಧಾನ ಕುಗ್ಗಿಸಿ ಕೊಡುವ 7-8 ಕೆಬಿ ನೋಡಿ ನಾನೂ ಒಂದು ವಾರ ಮೋಸಹೋದೆ.

44,000ದಲ್ಲಿ ಜಿಪ್ ಬರುತ್ತಿದ್ದುದು ಸೆಕೆಂಡಿಗೆ ಬರೀ 2 ಕೆಬಿ. ಮೋಡೆಮ್ ಲೈನನ್ನು ಅಳೆಯುವುದು ಕನೆಕ್ಟ್ ಆಗುವಾಗ ಕೂಗಾಡುವ ಆ ಕೆಲವು ಸೆಕೆಂಡಿನಲ್ಲಿ. ಆಮೇಲೆ ಕಂಬದ ಜಾಯಿಂಟಿಗೆ ಮಳೆನೀರು ಇಳಿದು ಕರಕರ ಶುರುವಾದರೆ ರೀಟ್ರೇನ್, ಅಂದರೆ ಲೈನನ್ನು ಮತ್ತೆ ಮೊದಲಿಂದ ಅಳೆಯುವುದು. ಆಗ ಹತ್ತು ಸೆಕೆಂಡಿನಷ್ಟು ಡೇಟಾ ಪೂರ್ತಿ ನಿಂತಿರುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಮುಂದಿನದು: ಆಚೆಯ ಸರ್ವರಿನಲ್ಲಿ ಡೇಟಾ ಕಳಿಸುವ ಟಿಸಿಪಿ ಇದನ್ನು ದಟ್ಟಣೆ ಎಂದುಕೊಂಡು ಮತ್ತೆ ಅಂಬೆಗಾಲಿನಿಂದ ಹೊರಡುತ್ತದೆ.

ದುಡ್ಡು ಸುರಿದಿದ್ದೂ ಆಯಿತು. ನಾಲ್ಕೂವರೆ ಸಾವಿರದ ಎಕ್ಸ್‌ಟರ್ನಲ್ ಮೋಡೆಮ್ ತಂದರೆ ಸಿಪಿಯು ಹಗುರವಾಯಿತೇ ಹೊರತು ರೀಟ್ರೇನ್ ಹಾಗೇ ಇತ್ತು. ಮಿಂಚಿನ ಹೊಡೆತ ತಡೆಯುವ ಮುನ್ನೂರರ ಸರ್ಜ್ ಪೆಟ್ಟಿಗೆ ಹಾಕಿದ ಮೇಲೆ ವೇಗ ಇನ್ನೂ ಕುಸಿಯಿತು, ತೆಗೆದೆ. ಒಳಕೋಣೆಯ ಪ್ಯಾರಲಲ್ ಫೋನಿನ ತಂತಿ ಕಳಚಿದ್ದು ಮಾತ್ರ ಉಪಯೋಗಕ್ಕೆ ಬಂತು, ಅದೂ ಪುಕ್ಕಟೆ!

ಕೊನೆಗೆ ರಾಕ್‌ವೆಲ್ ಚಿಪ್ಪಿಗೆ ಎಟಿ+ಎಂಎಸ್=11,1,2400,26400 ಎಂಬ ಆಜ್ಞೆ ಕೊಟ್ಟೆ. 56ಕೆಯ ವಿ.90 ವಿಧಾನ ಬಿಟ್ಟು ಅದಕ್ಕಿಂತ ಹಳೆಯ ವಿ.34, ಅದಕ್ಕೂ ಮೇಲ್ಮಿತಿ. 33,600 ಕೊಟ್ಟಾಗ ಲಾಭವಿರಲಿಲ್ಲ. 28,800 ಒಣಹವೆಗೆ ಸರಿ, ಮಳೆ ಬಂದರೆ ತಡವರಿಸುತ್ತಿತ್ತು. 21,600ಕ್ಕೆ ಇಳಿಸಿದರೆ ಲೈನು ಬಂಡೆಯಂತೆ ನಿಂತರೂ ಸಿಕ್ಕಿದ್ದು ಎರಡೂವರೆ ಕೆಬಿ. 26,400ರಲ್ಲಿ ಸರಿಸುಮಾರು 3, ಗಂಟೆಗಟ್ಟಲೆ ಅಲುಗದೆ. ಐದು ಎಂಬಿ ಫೈಲು 43 ನಿಮಿಷದಿಂದ 28ಕ್ಕೆ ಬಂತು. ಆಗಿನ ಫೋನ್ ಬಿಲ್ಲಿನಲ್ಲಿ ಮೂರು ನಿಮಿಷಕ್ಕೊಂದು ಪಲ್ಸ್ ಎಂದರೆ ಹದಿನೈದರ ಜಾಗದಲ್ಲಿ ಹತ್ತು.

ಜೊತೆಗೆ ಎಸ್10 ಎಂಬ ಮೋಡೆಮ್ ಸೆಟ್ಟಿಂಗನ್ನು 14ರಿಂದ 50ಕ್ಕೆ ಏರಿಸಿ. ಕ್ಯಾರಿಯರ್ (ಆಚೆಯ ಮೋಡೆಮ್ಮಿನ ಸಂಕೇತ) ಕ್ಷಣಕಾಲ ಮಾಯವಾದರೂ ಮೋಡೆಮ್ ಫೋನ್ ಇಡುವುದಿಲ್ಲ.

ಹಳೆಯ ಮೆಷಿನ್ನವರಿಗೆ ಒಂದು ಮಾತು. ಎಟಿ&ವಿ1 ಕೊಡುವ ಕನೆಕ್ಷನ್ ವರದಿ ಲೈನು ಸ್ವಚ್ಛ ಎನ್ನುತ್ತದೆ, ಆದರೆ ಕಂಪ್ಯೂಟರಿನ ಪಿಪಿಪಿ ಸಂಪರ್ಕದಲ್ಲಿ ಸಿಆರ್‌ಸಿ ದೋಷ (ಕೆಟ್ಟು ಬಂದ ಡೇಟಾದ ಲೆಕ್ಕ) ಏರುತ್ತಲೇ ಇದೆ ಎಂದರೆ ಲೈನನ್ನು ಬೈಯಬೇಡಿ. ಲ್ಯಾಪ್‌ಎಂ ಎಂಬ ಮೋಡೆಮ್ಮಿನ ದೋಷ ತಿದ್ದುವ ವಿಧಾನ ಕಾಯುವುದು ಎರಡು ಮೋಡೆಮ್‌ಗಳ ನಡುವೆ ಅಷ್ಟೆ. ಫಿಫೋ (ಬಂದ ಬೈಟು ಕೂಡಿಡುವ ಜಾಗ) ಇಲ್ಲದ 16450 ಚಿಪ್ಪಿನ ಪೋರ್ಟಿನಲ್ಲಿ ಬೈಟು ಬಿದ್ದರೆ ಅದಕ್ಕೆ ಗೊತ್ತೇ ಆಗದು. ಫಿಫೋ ಇರುವ 16550ಎ ಕಾರ್ಡ್ ಹಾಕಿ, ಪೋರ್ಟು ತುಂಬಿದಾಗ ಡೇಟಾ ತಡೆಯುವ ಆರ್‌ಟಿಎಸ್-ಸಿಟಿಎಸ್ ಆನ್ ಇಡಿ.

ಬೇಸಿಗೆಗೆಂದು 31,200ರ ಇನ್ನೊಂದು ಐಕಾನ್ ಮಾಡಿಟ್ಟಿದ್ದೆ. ಮೊದಲ ಮಳೆ ಬಿದ್ದ ದಿನ ಅದನ್ನು ಮುಟ್ಟುವುದು ಬಿಡುತ್ತಿದ್ದೆ.