ಕೆಲಸ ಇಲ್ಲದ 11 ವಾರಗಳ ಟೈಮ್‌ಶೀಟ್

ಶುಕ್ರವಾರ ಸಂಜೆ ನಾಲ್ಕಾದರೆ ಸಾಕು, ಲ್ಯಾಪ್‌ಟಾಪಿನ ಮೂಲೆಯಲ್ಲಿ ಒಂದು ಸಣ್ಣ ಕಿಟಕಿ ಮೇಲೇಳುತ್ತಿತ್ತು. ಟೈಮ್‌ಶೀಟ್, ಅಂದರೆ ಯಾವ ದಿನ ಎಷ್ಟು ಗಂಟೆ ಏನು ಕೆಲಸ ಮಾಡಿದೆವು ಎಂಬ ಲೆಕ್ಕ, ಬಾಕಿ ಇದೆ ಅಂತ. ಒಳಗೆ ಸೋಮವಾರದಿಂದ ಶುಕ್ರವಾರದವರೆಗೆ ಐದು ಚೌಕ. ಪ್ರತಿ ಚೌಕದಲ್ಲೂ 8 ತುಂಬಬೇಕು. 7.5 ಹಾಕಿದರೆ ಚೌಕ ಕೆಂಪಗಾಗುತ್ತದೆ. ಯಾವ ಕೆಲಸ ಮಾಡಿದಿರಿ ಎಂದು ಆರಿಸಲು ಪಕ್ಕದಲ್ಲೊಂದು ಪಟ್ಟಿ: ಅನಾಲಿಸಿಸ್, ಡೆವಲಪ್‌ಮೆಂಟ್, ಟೆಸ್ಟಿಂಗ್, ಮೀಟಿಂಗ್, ಕೆ.ಟಿ. (ಒಬ್ಬರು ತಿಳಿದದ್ದನ್ನು ಇನ್ನೊಬ್ಬರಿಗೆ ಹೇಳಿಕೊಡೋದು), ಹೀಗೆ ಹದಿನಾಲ್ಕು ಬಗೆ. "ಸುಮ್ನೆ ಕಾಯ್ತಾ ಕೂತಿದ್ದೆ" ಅನ್ನೋದು ಮಾತ್ರ ಅದರಲ್ಲಿ ಇರಲಿಲ್ಲ.

ನಾನು ಕಂಟ್ರಾಕ್ಟ್ ಮೇಲೆ ಡೇಟಾಬೇಸ್ ಕೆಲಸ ಮಾಡುವವನು. ಊರು ಅರಸೀಕೆರೆ ಹತ್ತಿರ. ಅಲ್ಲಿ ಅಮ್ಮ ಯಾರಿಗಾದರೂ "ನನ್ ಮಗ ಬೆಂಗ್ಳೂರಲ್ಲಿ ಕಂಟ್ರಾಕ್ಟರ್" ಅಂದರೆ, "ಯಾವ ರೋಡು ಮಾಡಿಸ್ತಿದಾನೆ?" ಎಂದು ಕೇಳುತ್ತಾರೆ. ಆರು ತಿಂಗಳು ಇಲ್ಲಿ, ಒಂದು ವರ್ಷ ಅಲ್ಲಿ, ನಡುವೆ ಏಜೆನ್ಸಿ, ಕುತ್ತಿಗೆಗೆ ಬೇರೆ ಬಣ್ಣದ ಪಟ್ಟಿಯ ಐಡಿ ಕಾರ್ಡು. ಇದೇ ನನ್ನ ಕಂಟ್ರಾಕ್ಟರಿಕೆ.

2023ರ ಸೆಪ್ಟೆಂಬರ್ 4ಕ್ಕೆ ಹೊರದೇಶದ ಒಂದು ಇನ್ಶೂರೆನ್ಸ್ ಕಂಪನಿಯ ವೈಟ್‌ಫೀಲ್ಡ್ ಆಫೀಸಿಗೆ ಸೇರಿಕೊಂಡೆ. ಆರು ತಿಂಗಳ ಕರಾರು, ದಿನಕ್ಕೆ 9,000 ರೂಪಾಯಿ. ಒರಾಕಲ್‌ನಲ್ಲಿದ್ದ ಹಳೇ ಡೇಟಾಬೇಸನ್ನು ಪೋಸ್ಟ್‌ಗ್ರೆಸ್‌ಗೆ ಸಾಗಿಸುವ ಕೆಲಸ. ಎರಡೂ ಮಾಹಿತಿ ಜೋಡಿಸಿಡುವ ಸಾಫ್ಟ್‌ವೇರ್‌ಗಳೇ. ಇಂಟರ್‌ವ್ಯೂನಲ್ಲಿ "ಯಾವಾಗ ಸೇರ್ತೀರಿ, ನಾಳೆ ಆಗುತ್ತಾ?" ಎಂದು ಅವಸರ ಮಾಡಿದ್ದರು. ಸೇರಿದ ದಿನ ಲ್ಯಾಪ್‌ಟಾಪ್ ಸಿಕ್ಕಿತು. ಕುರ್ಚಿ ಸಿಕ್ಕಿತು. ಡೇಟಾಬೇಸ್ ಒಳಗೆ ಹೋಗಲು ಅನುಮತಿ ಮಾತ್ರ ಸಿಗಲಿಲ್ಲ. "ರಿಕ್ವೆಸ್ಟ್ ಹಾಕಿದೀವಿ, ಈ ವಾರ ಬರುತ್ತೆ" ಅಂದರು. 11 ವಾರ ಹಾಗೇ ಅಂದರು.

ಮೊದಲ ಎರಡು ವಾರ ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ. ಇದ್ದಬದ್ದ ಡಾಕ್ಯುಮೆಂಟ್ ಓದಿದೆ. ನಾಲ್ಕೈದು ಮೀಟಿಂಗ್‌ನಲ್ಲಿ ತಲೆಯಾಡಿಸಿದೆ. ಮೂರನೇ ವಾರದಿಂದ ಕಷ್ಟ ಶುರುವಾಯಿತು. ದಿನಕ್ಕೆ ನಾಲ್ಕು ಸಲ ಕಾಫಿ. ಹತ್ತು ನಿಮಿಷಕ್ಕೊಮ್ಮೆ ಮೇಲ್ ತೆರೆಯೋದು. ಯಾರಾದರೂ ಹಿಂದೆ ನಡೆದುಹೋದರೆ ಸುಮ್ಮನೆ ಒಂದು ಎಕ್ಸೆಲ್ ಶೀಟ್ ಮೇಲೆ ತರೋದು. ಸಂಜೆ ಮನೆಗೆ ಬಂದಾಗ, ನಿಜವಾಗಿ ದುಡಿದ ದಿನಕ್ಕಿಂತ ಜಾಸ್ತಿ ಸುಸ್ತು. ಕೆಲಸ ಮಾಡುತ್ತಿರುವಂತೆ ಕಾಣಿಸಿಕೊಳ್ಳೋದೇ ಎಂಟು ಗಂಟೆಯ ಕೆಲಸ. ಆನ್‌ಲೈನ್ ಇದ್ದೀವಿ ಅಂತ ತೋರಿಸುವ ಹಸಿರು ಚುಕ್ಕೆ ಆರದಿರಲಿ ಎಂದು ಮೌಸನ್ನು ತಾನೇ ಅಲ್ಲಾಡಿಸುವ ಒಂದು ಪುಟ್ಟ ಯಂತ್ರ ಬರುತ್ತದೆ. ಪಕ್ಕದ ಕ್ಯೂಬಿಕಲ್‌ನ ಇನ್ನೊಬ್ಬ ಕಂಟ್ರಾಕ್ಟರ್ ಅದನ್ನು ತಂದಿಟ್ಟುಕೊಂಡಿದ್ದ. "ನಿಂಗೂ ಒಂದು ತರಿಸ್ಲಾ ಗುರು?" ಅಂದ. ಬೇಡ ಅಂದೆ, ಆದರೆ ಬೆಲೆ ಕೇಳಿದೆ.

ಅಕ್ಟೋಬರ್ 9ಕ್ಕೆ ಮೆಟ್ರೊದ ನೇರಳೆ ಮಾರ್ಗ ಪೂರ್ತಿ ಓಡತೊಡಗಿತು. ಅಲ್ಲಿಯವರೆಗೆ ವಿಜಯನಗರದಿಂದ ಹೊರಟರೆ ಬೈಯಪ್ಪನಹಳ್ಳಿಯಲ್ಲಿ ಇಳಿದು, ಬಸ್ಸಿಗೆ ನಿಂತು, ಕೆ.ಆರ್. ಪುರದ ಟ್ರಾಫಿಕ್ ದಾಟಿ ಹೋಗಬೇಕಿತ್ತು. ಈಗ ಒಂದೇ ರೈಲು. ಒಂಬತ್ತೂವರೆಗೆಲ್ಲ ಆಫೀಸಲ್ಲಿ ಇರುತ್ತಿದ್ದೆ. ಏನೂ ಮಾಡದಿರೋಕೆ ಒಂದು ಗಂಟೆ ಜಾಸ್ತಿ ಸಿಕ್ಕಂತಾಯಿತು.

ತಪ್ಪು ಮಾಡಿದ್ದು ಈ ಖಾಲಿ ವಾರಗಳಲ್ಲೇ. ಟೈಮ್‌ಶೀಟಿನ ಐದೂ ಚೌಕಕ್ಕೆ 'ಅನಾಲಿಸಿಸ್' ಎಂದು ಹಾಕಿಬಿಡುತ್ತಿದ್ದೆ. ಒಂದು ವಾರವಲ್ಲ, ಐದು ವಾರ. ಮ್ಯಾನೇಜರ್ ನೋಡದೆಯೇ ಅಪ್ರೂವ್ ಒತ್ತುತ್ತಿದ್ದರು. ಏಜೆನ್ಸಿಗೆ ನನ್ನ ಬಿಲ್ ಹೋಗುತ್ತಿತ್ತು, ದುಡ್ಡು 45 ದಿನಕ್ಕೆ ಬರುತ್ತಿತ್ತು. ಬಿಲ್ ಮಾಡಿದ ಮೇಲೆ ದುಡ್ಡು ಬಂದಿರಲಿ ಬಿಡಲಿ, ಮುಂದಿನ ತಿಂಗಳ 20ರೊಳಗೆ 18% ಜಿಎಸ್‌ಟಿ ಕಟ್ಟಲೇಬೇಕು. ಹಾಗಾಗಿ ಬಿಲ್ ತಡಮಾಡುವ ಧೈರ್ಯವೂ ಇರಲಿಲ್ಲ, ನಿಲ್ಲಿಸುವ ಮನಸ್ಸೂ ಇರಲಿಲ್ಲ. ಗೊತ್ತಿದ್ದವರೆಲ್ಲ "ದೇವ್ರು ಕೊಟ್ಟಿದ್ದು ಕಣೋ, ಸುಮ್ನೆ ಕೂತ್ಕೊ" ಎಂದೇ ಹೇಳಿದರು.

ಬೇರೆಯವರ ಕೆಲಸವನ್ನು ಇದೇ ಕುರ್ಚಿಯಲ್ಲಿ ಕೂತು ಮಾಡಬಹುದಲ್ಲ ಅಂತಲೂ ಹೊಳೆದಿತ್ತು. ಅದಕ್ಕೆ ಒಂದು ವರ್ಷ ಮುಂಚೆ, 2022ರ ಸೆಪ್ಟೆಂಬರ್‌ನಲ್ಲಿ, ವಿಪ್ರೋ ಎರಡು ಕಡೆ ದುಡಿಯುತ್ತಿದ್ದ 300 ಜನರನ್ನು ತೆಗೆದದ್ದು ದೊಡ್ಡ ಸುದ್ದಿಯಾಗಿತ್ತು. ನಾನು ಯಾರ ಉದ್ಯೋಗಿಯೂ ಅಲ್ಲ, ನಿಜ. ಆದರೆ ಒಂದೇ ಗಂಟೆಯನ್ನು ಇಬ್ಬರಿಗೆ ಮಾರಿದರೆ ಅದು ಕಂಟ್ರಾಕ್ಟರ್‌ಗೂ ಮೋಸವೇ. ಅದನ್ನು ಅಲ್ಲಿಗೇ ಬಿಟ್ಟೆ.

ದಸರೆಗೆ ಊರಿಗೆ ಹೋದೆ. ಆಯುಧಪೂಜೆ ದಿನ ಅಪ್ಪ ಗುದ್ದಲಿ, ಮಚ್ಚು, ಪಂಪ್‌ಸೆಟ್ಟಿನ ಸ್ಟಾರ್ಟರ್ ಎಲ್ಲಕ್ಕೂ ಕುಂಕುಮ ಇಟ್ಟು, "ನಿಂದೂ ತಗೊಂಡ್ ಬಾ" ಅಂದರು. ಆಫೀಸಿನ ಲ್ಯಾಪ್‌ಟಾಪ್ ತಂದು ಗುದ್ದಲಿ ಪಕ್ಕ ಇಟ್ಟೆ. ಏಳು ವಾರದಿಂದ ಏನನ್ನೂ ಅಗೆಯದ ಆಯುಧ. ನಗು ಬಂತು. ಯಾಕೆ ಅಂತ ಕೇಳಿದರು, ಹೇಳಿದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದದ್ದು ಇಷ್ಟು: "ಕಾಯಿ ಕೀಳೋನಿಗೆ ಮರಕ್ಕಿಷ್ಟು ಅಂತ ಕೊಡ್ತೀವಿ. ಗುಂಡಿ ತೆಗೆಯೋನಿಗೆ ದಿನದ ಕೂಲಿ. ದಿನದ ಕೂಲಿಯೋನು ಬಂದು, ನಾವು ಗುದ್ಲಿ ಕೊಡ್ದೆ ಕೂರ್ಸಿದ್ರೆ ತಪ್ಪು ನಮ್ದೇಯ. ಕೂಲಿ ಕೊಡ್ಬೇಕು. ಆದ್ರೆ ಸಂಜೆ ಹೋಗೋವಾಗ ಅವ್ನು ನಾಕು ಗುಂಡಿ ತೆಗ್ದೆ ಅಂತ ಸುಳ್ಳು ಹೇಳುದ್ರೆ, ನಾಳೆ ಗುದ್ಲಿ ಕೊಟ್ಟ ಮೇಲೂ ನಾನು ಅವ್ನನ್ನ ನಂಬಲ್ಲ."

ವಾಪಸ್ ಬರುವಾಗ ರೈಲಿನಲ್ಲಿ ಲೆಕ್ಕ ಹಾಕಿದೆ. ಬಿಲ್ ಮಾಡಿದ ದಿನ 33. ಎಷ್ಟು ಉದಾರವಾಗಿ ಎಣಿಸಿದರೂ ಕೆಲಸ ಆದದ್ದು 6 ದಿನದ್ದು. ಉಳಿದ 27 ದಿನಕ್ಕೆ 2,43,000 ರೂಪಾಯಿ. ಅಕ್ಟೋಬರ್ 25ಕ್ಕೆ ಮ್ಯಾನೇಜರ್‌ಗೆ ಮೇಲ್ ಬರೆದೆ. ಎಂಟು ಸಾಲು, ಜಾಸ್ತಿ ಇಲ್ಲ. 33 ದಿನದಲ್ಲಿ ನಿಜವಾದ ಕೆಲಸ ಸುಮಾರು 6 ದಿನದ್ದು. ಟೈಮ್‌ಶೀಟ್‌ನಲ್ಲಿ ಅನಾಲಿಸಿಸ್ ಎಂದು ಬರೆದದ್ದರಲ್ಲಿ ಹೆಚ್ಚಿನದು ಕಾಯುವಿಕೆ, ಹಾಗೆ ಬರೆದದ್ದು ನನ್ನ ತಪ್ಪು, ಪಟ್ಟಿಯಲ್ಲಿ ಸರಿಯಾದ ಹೆಸರಿಲ್ಲ. ಅನುಮತಿ ಬರುವವರೆಗೆ ಮೂರರಲ್ಲಿ ಒಂದು ಆಗಬಹುದು: ಡೇಟಾಬೇಸ್ ಇಲ್ಲದೆ ಮಾಡಬಹುದಾದ ಕೆಲಸ ಕೊಡಿ, ಅಥವಾ ವಾರಕ್ಕೆ ಮೂರೇ ದಿನ ಬರುತ್ತೇನೆ, ಅಥವಾ ಕರಾರು ನಿಲ್ಲಿಸಿ, ಅನುಮತಿ ಬಂದಾಗ ಮತ್ತೆ ಶುರು ಮಾಡೋಣ.

ಕಳಿಸುವ ಗುಂಡಿ ಒತ್ತುವಾಗ ಕೈ ನಡುಗಿತು. ಮನೆ ಸಾಲದ ಕಂತು ತಿಂಗಳಿಗೆ 38,000.

ಮ್ಯಾನೇಜರ್ ಮೈಸೂರಿನವರು. ಆಫೀಸಲ್ಲಿ ಎಲ್ಲರೂ ಅವರನ್ನು ಹೆಸರು ಹಿಡಿದು ಕರೆಯುತ್ತಿದ್ದರು, ನನ್ನ ಬಾಯಿಗೆ ಮಾತ್ರ ಮೇಡಂ ಎಂದೇ ಬರುತ್ತಿತ್ತು. ಮೇಲ್‌ಗೆ ಉತ್ತರ ಬರಲಿಲ್ಲ. ಅವರೇ ಬಂದು ಸಣ್ಣ ಮೀಟಿಂಗ್ ರೂಮಿಗೆ ಕರೆದುಕೊಂಡು ಹೋದರು.

"ಇದನ್ನ ಮೇಲ್‌ನಲ್ಲಿ ಯಾಕೆ ಬರೆದ್ರಿ? ಬಾಯಲ್ಲಿ ಹೇಳಬಹುದಿತ್ತಲ್ವಾ?"

"ಬಾಯಲ್ಲಿ ಮೂರು ಸಲ ಹೇಳಿದೀನಿ ಮೇಡಂ. ಪ್ರತಿ ಸಲ ಮುಂದಿನ ವಾರ ಅಂದ್ರಿ."

ಆಮೇಲೆ ಅವರು ಹೇಳಿದ್ದನ್ನು ಯಾರೂ ಇಂಟರ್‌ವ್ಯೂನಲ್ಲಿ ಹೇಳುವುದಿಲ್ಲ. ಅವರ ಕಂಪನಿಯ ಬಜೆಟ್ ವರ್ಷ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ನನಗೆಂದು ಮೀಸಲಿಟ್ಟ ದುಡ್ಡು ಅಷ್ಟರೊಳಗೆ ಖರ್ಚಾಗದಿದ್ದರೆ, ಮುಂದಿನ ವರ್ಷ "ಹೋದ ಸಲ ಬೇಕಾಗಿರಲಿಲ್ಲ ಅಲ್ವಾ" ಎಂದು ಆ ಜಾಗವನ್ನೇ ಕಿತ್ತುಹಾಕುತ್ತಾರೆ. ಜನವರಿಯಲ್ಲಿ ಕೆಲಸ ನಿಜಕ್ಕೂ ಬಂದಾಗ ಆಳು ಇರುವುದಿಲ್ಲ. ನಾನು ಬಸ್ಸಿನ ಸೀಟಿನ ಮೇಲೆ ಹಾಕಿದ ಟವೆಲ್ ಎಂದು ಅವತ್ತು ಗೊತ್ತಾಯಿತು. ಟವೆಲ್‌ಗೆ ದಿನಕ್ಕೆ 9,000. ಅವರ ಮೇಲಿದ್ದ ಸಿಟ್ಟು ಅಲ್ಲೇ ಇಳಿಯಿತು, ಯಾಕೆಂದರೆ ಅವರ ಜಾಗದಲ್ಲಿದ್ದರೆ ನಾನೂ ಟವೆಲ್ ಹಾಕುತ್ತಿದ್ದೆ.

ಕೊನೆಗೆ ಎರಡು ತೀರ್ಮಾನವಾಯಿತು. ನವೆಂಬರ್ 6ರಿಂದ ವಾರಕ್ಕೆ ಮೂರು ದಿನ. ಮತ್ತೆ, ಹಳೇ ಕೋಡ್ ಇಟ್ಟಿರುವ ರೆಪಾಸಿಟರಿಯನ್ನು ಓದಲು ಅನುಮತಿ. ಇದು ಒಂದೇ ದಿನದಲ್ಲಿ ಸಿಕ್ಕಿತು. ಏಳು ವಾರದಲ್ಲಿ ಇದನ್ನು ಕೇಳಬೇಕು ಅಂತ ನನಗೂ ಹೊಳೆದಿರಲಿಲ್ಲ, ಕೊಡಬೇಕು ಅಂತ ಅವರಿಗೂ ಹೊಳೆದಿರಲಿಲ್ಲ.

ಅಲ್ಲಿಂದ ನನಗೆ ಜೀವ ಬಂತು. ಮನೆಯಲ್ಲಿ ನನ್ನ ಸ್ವಂತ ಲ್ಯಾಪ್‌ಟಾಪಿನಲ್ಲಿ ಒರಾಕಲ್‌ನ ಉಚಿತ ಆವೃತ್ತಿ ಹಾಕಿಕೊಂಡೆ. ಅದರ ಜೊತೆ ಕಲಿಯುವವರಿಗಾಗಿ ಎಚ್‌ಆರ್ ಎಂಬ ಮಾದರಿ ಡೇಟಾಬೇಸ್ ಸಿಗುತ್ತದೆ, 107 ಉದ್ಯೋಗಿಗಳ ಪಟ್ಟಿ. ಈ ಕೆಲಸದಲ್ಲಿರುವ ಎಲ್ಲರಿಗೂ ಆ 107 ಜನ ನೆಂಟರಿದ್ದಂತೆ. ಕಂಪನಿಯ ಕೋಡನ್ನು ಮನೆಗೆ ತರುವ ಹಾಗಿಲ್ಲ. ಅದಕ್ಕೆ ಹಗಲು ಆಫೀಸಲ್ಲಿ ಓದಿದ್ದನ್ನು ರಾತ್ರಿ ಈ ನೆಂಟರ ಮೇಲೆ ಪ್ರಯೋಗ ಮಾಡಿ ನೋಡುತ್ತಿದ್ದೆ.

ಹೀಗೆ ಸಿಕ್ಕಿದ್ದೇ ಹೆಸರಿನ ಕಥೆ. ಒರಾಕಲ್ ಖಾಲಿ ಅಕ್ಷರಸಾಲನ್ನೂ 'ನಲ್' ಎಂದೇ ಇಟ್ಟುಕೊಳ್ಳುತ್ತದೆ. ನಲ್ ಅಂದರೆ ಏನಿದೆಯೋ ಗೊತ್ತಿಲ್ಲ ಎಂಬ ಗುರುತು. ಎರಡು ನಿಂತ ಗೆರೆ, ಅಂದರೆ || ಹಾಕಿ ಅಕ್ಷರ ಜೋಡಿಸುವಾಗ ಒರಾಕಲ್ ನಡುವೆ ಬಂದ ನಲ್ ಅನ್ನು ತಲೆಗೆ ಹಚ್ಚಿಕೊಳ್ಳುವುದಿಲ್ಲ, ಉಳಿದದ್ದನ್ನು ಜೋಡಿಸಿಕೊಡುತ್ತದೆ. ಪೋಸ್ಟ್‌ಗ್ರೆಸ್ ಕಟ್ಟುನಿಟ್ಟು. ನಡುವೆ ಒಂದೇ ಒಂದು ನಲ್ ಬಂದರೂ ಇಡೀ ಸಾಲೇ ನಲ್. ಈಗ ಮೊದಲ ಹೆಸರು, ಮಧ್ಯದ ಹೆಸರು, ಕೊನೆಯ ಹೆಸರು ಎಂದು ಮೂರು ತುಂಡು ಜೋಡಿಸುವ ಕೋಡ್ ಇದೆ ಅಂದುಕೊಳ್ಳಿ. ಮಧ್ಯದ ಹೆಸರಿಲ್ಲದ ಗಿರಾಕಿಯ ಪೂರ್ತಿ ಹೆಸರೇ ಮಾಯ. ಪಾಲಿಸಿ ಪತ್ರದ ಮೇಲೆ "ಪ್ರಿಯ" ಅಂತ ಬಂದು, ಮುಂದೆ ಬರೀ ಖಾಲಿ ಜಾಗ. ನಮ್ಮ ಕಡೆ ಮಧ್ಯದ ಹೆಸರು ಯಾರಿಗಿದೆ ಹೇಳಿ? ಇದ್ದರೆ ಎರಡು ಇನಿಶಿಯಲ್ಲು.

ಮನೆಯಲ್ಲಿ 107 ಜನರಿಗೆ ನಾನೇ ಮಧ್ಯದ ಹೆಸರಿನ ಕಾಲಂ ಸೇರಿಸಿ, ಹತ್ತು ಜನಕ್ಕೆ ಮಾತ್ರ ಹೆಸರು ತುಂಬಿ, ಪೋಸ್ಟ್‌ಗ್ರೆಸ್‌ಗೆ ಸಾಗಿಸಿದೆ. 97 ಹೆಸರು ಮಾಯವಾದವು. ಮಾರನೇ ದಿನ ಆಫೀಸಿನ ಕೋಡ್‌ನಲ್ಲಿ ಆ ಎರಡು ಗೆರೆ ಹುಡುಕುತ್ತಾ ಹೋದೆ. ನಲ್ ಬರಬಹುದಾದ ಕಾಲಂ ಜೊತೆ ಜೋಡಣೆಯಾದ ಜಾಗ 63 ಸಿಕ್ಕವು. ಅದಲ್ಲದೆ ಒರಾಕಲ್‌ನ ಡೇಟ್ ಕಾಲಂನಲ್ಲಿ ಗಂಟೆ-ನಿಮಿಷವೂ ಇರುತ್ತದೆ, ಪೋಸ್ಟ್‌ಗ್ರೆಸ್‌ನ ಡೇಟ್‌ನಲ್ಲಿ ಬರೀ ದಿನಾಂಕ. ಕ್ಲೇಮ್ ಎಷ್ಟು ಗಂಟೆಗೆ ದಾಖಲಾಯಿತು ಎಂಬುದು ಹಾಗೇ ಸಾಗಿಸಿದರೆ ಅಳಿಸಿಹೋಗುತ್ತದೆ. ಇದನ್ನೂ ಪಟ್ಟಿ ಮಾಡಿದೆ. ಇವೆಲ್ಲ ಈ ಕೆಲಸದಲ್ಲಿ ಗೊತ್ತಿರುವ ಗುಂಡಿಗಳೇ, ನಾನೇನೂ ಹೊಸದು ಕಂಡುಹಿಡಿಯಲಿಲ್ಲ. ಯಾವ ಕಡತದ ಯಾವ ಸಾಲಿನಲ್ಲಿ ಇವೆ ಎಂದು ಬರೆದಿಟ್ಟೆ, ಅಷ್ಟೆ.

ಇದೇ ಬಿಡುವಿನಲ್ಲಿ ನನ್ನ ಅನುಮತಿಯ ರಿಕ್ವೆಸ್ಟ್ ಎಲ್ಲಿ ಕೂತಿದೆ ಅಂತಲೂ ಹುಡುಕಿದೆ. ಟಿಕೆಟಿನ, ಅಂದರೆ ಆ ರಿಕ್ವೆಸ್ಟಿನ ದಾಖಲೆಯ, ಇತಿಹಾಸ ತೆರೆದರೆ ಮೂರು ಜನ ಒಪ್ಪಬೇಕಿತ್ತು. ಮೊದಲನೆಯವರು ಸೆಪ್ಟೆಂಬರ್ 5ಕ್ಕೇ ಒಪ್ಪಿದ್ದರು. ಎರಡನೆಯವನು ಆಗಸ್ಟ್‌ನಲ್ಲೇ ಕಂಪನಿ ಬಿಟ್ಟು ಹೋಗಿದ್ದ. ಎರಡೂವರೆ ತಿಂಗಳು ನನ್ನ ಅರ್ಜಿ ಯಾರೂ ತೆರೆಯದ ಇನ್‌ಬಾಕ್ಸ್‌ನಲ್ಲಿ ಬಿದ್ದಿತ್ತು! ಮೇಡಂಗೆ ತೋರಿಸಿದೆ. ಅವರು ಹಣೆ ಒತ್ತಿಕೊಂಡರು. ನವೆಂಬರ್ 21ಕ್ಕೆ ಅನುಮತಿ ಬಂತು. ಮೊದಲ ವಾರವೇ ಆ ಟಿಕೆಟ್ ತೆರೆದಿದ್ದರೆ? ಆ ಯೋಚನೆ ಈಗಲೂ ಚುಚ್ಚುತ್ತದೆ.

ಮೂರು ದಿನದ ವಾರದಿಂದ ನನಗಾದ ನಷ್ಟ ವಾರಕ್ಕೆ 18,000, ಮೂರು ವಾರಕ್ಕೆ 54,000. ಪ್ರಾಮಾಣಿಕನಾಗಿದ್ದಕ್ಕೆ ಯಾರೂ ಹಾರ ಹಾಕಲಿಲ್ಲ. ಉಳಿದ ಎರಡು ದಿನ ತುಮಕೂರಿನ ಒಬ್ಬರಿಗೆ ಸಣ್ಣ ಕೆಲಸ ಮಾಡಿಕೊಟ್ಟೆ, ಏಜೆನ್ಸಿಯಿಂದ ಬರಹದಲ್ಲಿ ಒಪ್ಪಿಗೆ ಪಡೆದು. ಅದರಿಂದ ಅರ್ಧವೂ ತುಂಬಲಿಲ್ಲ.

ಕೆಲಸ ಶುರುವಾದ ಮೂರೂವರೆ ವಾರಕ್ಕೆ ವರ್ಷಾಂತ್ಯದ ಫ್ರೀಜ್ ಬಂತು. ಜನವರಿ 2ರವರೆಗೆ ಯಾರೂ ಏನನ್ನೂ ಮುಟ್ಟುವಂತಿಲ್ಲ. ಈ ಸಲ ಹೆದರಲಿಲ್ಲ, ಕೈಯಲ್ಲಿ ಪಟ್ಟಿ ಇತ್ತು. 63 ಜಾಗಕ್ಕೂ ಬದಲಿ ಕೋಡ್ ಬರೆದಿಟ್ಟುಕೊಂಡೆ. ಜನವರಿಯಲ್ಲಿ ಕೆಲಸ ಮೈಮೇಲೆ ಬಿತ್ತು. ಎರಡು ಶನಿವಾರವೂ ಹೋದವು.

ಈಗ ಹೊಸ ಕರಾರಿಗೆ ಸಹಿ ಹಾಕುವ ಮುಂಚೆ ಒಂದು ಸಾಲು ಸೇರಿಸಿ ಎಂದು ಕೇಳುತ್ತೇನೆ. ಕೆಲಸಕ್ಕೆ ಬೇಕಾದ ಅನುಮತಿಗಳು ಹತ್ತು ಕೆಲಸದ ದಿನದೊಳಗೆ ಬರದಿದ್ದರೆ, ಬರುವವರೆಗೆ ಅರ್ಧ ದರ, ಮತ್ತು ಆ ಅರ್ಧ ದಿನ ನನ್ನದು. ಮೊದಲ ಏಜೆನ್ಸಿಯವರು ಈ ಸಾಲನ್ನು ಹೊಡೆದುಹಾಕಿದರು. ಎರಡನೆಯವರು ಹತ್ತನ್ನು ಹದಿನೈದು ಮಾಡಿ ಉಳಿಸಿಕೊಂಡರು.

ಆ ಆಫೀಸಿನ ಟೈಮ್‌ಶೀಟ್ ಪಟ್ಟಿಗೆ ಜನವರಿಯಲ್ಲಿ ಹದಿನೈದನೇ ಹೆಸರು ಸೇರಿತ್ತು: 'ಆಕ್ಸೆಸ್ ಪೆಂಡಿಂಗ್'. ಮೇಡಂ ಹೇಳಿ ಹಾಕಿಸಿದ್ದು. ನಾನು ಅದನ್ನು ಬಳಸಿದ್ದು ಒಂದೇ ಸಲ, ಸರ್ವರ್ ಕೈಕೊಟ್ಟ ಒಂದು ಬುಧವಾರ. ಮೂರು ಗಂಟೆ ಅದಕ್ಕೆ ಬರೆದೆ, ಐದು ಗಂಟೆ ಟೆಸ್ಟಿಂಗ್‌ಗೆ. ಒಟ್ಟು ಎಂಟು, ಚೌಕ ಕೆಂಪಗಾಗಲಿಲ್ಲ.