ಮನೆ ಹಿಂದೆಯೇ ಗೂಡ್ಸ್ ರೈಲು: ಅಮೆರಿಕದಲ್ಲಿ ಯಾರಿಗೆ ಹೇಳಬೇಕು, ಹೇಗೆ ಹೇಳಬೇಕು?

ಅಮೆರಿಕದಲ್ಲಿ ಮನೆ ನೋಡಲು ಹೋಗುವುದು ಹೆಚ್ಚಾಗಿ ಶನಿವಾರ, ಭಾನುವಾರದ ಮಧ್ಯಾಹ್ನ. ಹಿತ್ತಲಿನಾಚೆ ಹಳಿ ಕಾಣುತ್ತದೆ. "ಅಪರೂಪಕ್ಕೊಂದು ಗಾಡಿ ಬರುತ್ತೆ ಅಷ್ಟೆ" ಎನ್ನುತ್ತಾರೆ ಏಜೆಂಟ್. ಮನೆ ಕೊಂಡು, ಹಾಲುಕ್ಕಿಸಿ, ಮಲಗಿದ ಮೇಲೆ ಗೊತ್ತಾಗುತ್ತದೆ, ಆ ಅಪರೂಪದ ಗಾಡಿ ರಾತ್ರಿ ಎರಡು ಗಂಟೆಗೆ ಹಾರ್ನ್ ಹೊಡೆಯುತ್ತಾ ಬರುತ್ತದೆ ಅಂತ. ಬೆಳಿಗ್ಗೆ ಮಗುವನ್ನು ಶಾಲೆಗೆ ಬಿಡಲು ಹೊರಟರೆ ಗೇಟಿನಲ್ಲಿ ಇನ್ನೊಂದು ಗಾಡಿ ನಿಂತಿರುತ್ತದೆ. ಅಲ್ಲಾಡುವುದೇ ಇಲ್ಲ.

ಸಿಟ್ಟಿನಲ್ಲಿ ಸಿಟಿ ಹಾಲ್‌ಗೆ ಫೋನ್ ಮಾಡಿದರೆ "ಅದು ನಮ್ಮ ಕೈಯಲ್ಲಿಲ್ಲ" ಎಂಬ ಉತ್ತರ ಬರುತ್ತದೆ. ಜಾರಿಕೊಳ್ಳುತ್ತಿದ್ದಾರೆ ಅನ್ನಿಸುವುದು ಸಹಜ. ಆದರೆ ಅವರು ಹೇಳುವುದು ಬಹುಮಟ್ಟಿಗೆ ನಿಜ. ಯಾವ ದೂರು ಯಾರ ಬಾಗಿಲಿಗೆ ಹೋಗಬೇಕು ಎಂದು ತಿಳಿಯದೆ ಎಷ್ಟು ಕೂಗಿದರೂ ಪ್ರಯೋಜನವಿಲ್ಲ. ತಿಳಿದುಕೊಂಡರೆ ಎಲ್ಲವೂ ಸರಿಹೋಗದಿದ್ದರೂ ಕೆಲವು ಕೆಲಸಗಳಂತೂ ಆಗುತ್ತವೆ.

ಮೊದಲು, ಹಳಿ ಯಾರದ್ದು ಅಂತ ತಿಳಿಯಿರಿ

ಭಾರತದಲ್ಲಿ ರೈಲು ಅಂದರೆ ಸರ್ಕಾರ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಗೂಡ್ಸ್ ರೈಲು ಓಡಿಸುವ ಖಾಸಗಿ ಕಂಪನಿಗಳೇ ಹಳಿಗೂ ಮಾಲೀಕರು. ಪ್ರಯಾಣಿಕರ ಆಮ್‌ಟ್ರಾಕ್ ಕೂಡ ಬಹುಪಾಲು ಇವರ ಹಳಿಯ ಮೇಲೆಯೇ ಓಡುತ್ತದೆ. ಸುಮಾರು 1,40,000 ಮೈಲಿಗಳ ಈ ಜಾಲದಲ್ಲಿ ದೊಡ್ಡ ಕಂಪನಿಗಳು ಆರು: ಯೂನಿಯನ್ ಪೆಸಿಫಿಕ್, ಬಿಎನ್‌ಎಸ್‌ಎಫ್, ಸಿಎಸ್‌ಎಕ್ಸ್, ನಾರ್ಫೋಕ್ ಸದರ್ನ್, ಜೊತೆಗೆ ಕೆನಡಾ ಮೂಲದ ಸಿಎನ್ ಮತ್ತು ಸಿಪಿಕೆಸಿ. ಇವಲ್ಲದೆ ನೂರಾರು ಸಣ್ಣ ಕಂಪನಿಗಳಿವೆ.

ಈ ಕಂಪನಿಗಳ ಮೇಲೆ ಊರಿನ ಕಾನೂನು ನಡೆಯುವುದು ತೀರಾ ಕಡಿಮೆ. ರೈಲು ಹತ್ತಾರು ರಾಜ್ಯ ದಾಟಿ ಹೋಗುತ್ತದೆ, ಪ್ರತಿ ಊರೂ ತನ್ನದೇ ನಿಯಮ ಮಾಡಿದರೆ ಗಾಡಿ ಓಡಿದ ಹಾಗೇ ಅಂತ ಅಲ್ಲಿನ ಸಂಸತ್ತು ಅಧಿಕಾರವನ್ನು ಕೇಂದ್ರದ ಕೈಯಲ್ಲಿಟ್ಟಿದೆ. ಸುರಕ್ಷತೆ ನೋಡಿಕೊಳ್ಳುವುದು ಫೆಡರಲ್ ರೈಲ್‌ರೋಡ್ ಅಡ್ಮಿನಿಸ್ಟ್ರೇಷನ್, ಅಂದರೆ ಎಫ್‌ಆರ್‌ಎ. ದರ, ಕಂಪನಿಗಳ ವಿಲೀನ, ಮಾರ್ಗದ ವಿಚಾರಗಳು 1996ರಲ್ಲಿ ಶುರುವಾದ ಸರ್ಫೇಸ್ ಟ್ರಾನ್ಸ್‌ಪೋರ್ಟೇಷನ್ ಬೋರ್ಡ್‌ಗೆ ಸೇರಿದ್ದು. ಹಾಗಾಗಿ ಮೇಯರ್ ಮೇಲೆ ರೇಗಿ ಪ್ರಯೋಜನವಿಲ್ಲ. ಆದರೆ ಮೇಯರ್ ಬೇಕೇ ಬೇಕು. ಅದು ಯಾಕೆ ಅಂತ ಮುಂದೆ ನೋಡೋಣ.

ನೀಲಿ ಬೋರ್ಡಿನ ಫೋಟೊ ತೆಗೆದಿಟ್ಟುಕೊಳ್ಳಿ

ನಿಮ್ಮ ಗೇಟಿನ ಹತ್ತಿರ, ಸಿಗ್ನಲ್ ಕಂಬಕ್ಕೋ ಪಕ್ಕದ ಪೆಟ್ಟಿಗೆಗೋ ಅಂಟಿಕೊಂಡಂತೆ ಒಂದು ಸಣ್ಣ ನೀಲಿ ಬೋರ್ಡ್ ಇರುತ್ತದೆ. ವರ್ಷಗಟ್ಟಲೆ ಅದೇ ದಾರಿಯಲ್ಲಿ ಓಡಾಡುವವರೂ ಅದನ್ನು ಓದಿರುವುದಿಲ್ಲ. ಅದರಲ್ಲಿ ಎರಡು ವಿಷಯ ಮುಖ್ಯ. ಒಂದು ಫೋನ್ ನಂಬರ್, ಅದು ನೇರ ರೈಲು ಕಂಪನಿಗೆ ಹೋಗುತ್ತದೆ. ಇನ್ನೊಂದು ಆ ಕ್ರಾಸಿಂಗಿನ ಗುರುತಿನ ಸಂಖ್ಯೆ: ಆರು ಅಂಕಿ, ಕೊನೆಗೊಂದು ಇಂಗ್ಲಿಷ್ ಅಕ್ಷರ. ದೇಶದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕ್ರಾಸಿಂಗ್‌ಗಳಿವೆ, ಒಂದರ ಸಂಖ್ಯೆ ಇನ್ನೊಂದಕ್ಕಿಲ್ಲ. "ಮೇನ್ ಸ್ಟ್ರೀಟ್ ಗೇಟು" ಅಂದರೆ ನೂರು ಊರಲ್ಲಿ ನೂರು ಮೇನ್ ಸ್ಟ್ರೀಟ್ ಇರುತ್ತದೆ, ಅಲ್ವಾ? ಈ ಸಂಖ್ಯೆ ಹೇಳಿದರೆ ಗೊಂದಲವೇ ಇಲ್ಲ.

ಈ ಬೋರ್ಡ್ ಮೊದಲಿಗೆ ಬೇಕಾಗುವುದು ಜೀವ ಉಳಿಸಿಕೊಳ್ಳಲು. ಕಾರು ಹಳಿಯ ಮೇಲೆ ಕೆಟ್ಟು ನಿಂತಿತು ಅಂದುಕೊಳ್ಳಿ. ಸ್ಟಾರ್ಟ್ ಮಾಡುತ್ತಾ ಕೂರಬೇಡಿ. ಎಲ್ಲರನ್ನೂ ಇಳಿಸಿ, ಬ್ಯಾಗನ್ನೂ ಬಿಟ್ಟು ಹಳಿಯಿಂದ ದೂರ ಹೋಗಿ. ರೈಲು ಬರುತ್ತಿರುವುದು ಕಂಡರೆ ಓಡಬೇಕಾದ ದಿಕ್ಕು ಕೇಳಿದವರಿಗೆ ವಿಚಿತ್ರ ಅನ್ನಿಸುತ್ತದೆ: ಹಳಿಯಿಂದ ಓರೆಯಾಗಿ ದೂರ ಸರಿಯುತ್ತಾ, ರೈಲು ಬರುವ ಕಡೆಗೇ ಓಡಬೇಕು. ರೈಲು ಹೋಗುವ ಕಡೆಗೆ ಓಡಿದರೆ, ಡಿಕ್ಕಿಯಾದಾಗ ಕಾರಿನ ಚೂರುಗಳು ಹಾರಿ ಬರುವುದು ನಿಮ್ಮ ಮೇಲೆಯೇ. ಸುರಕ್ಷಿತವಾದ ಮೇಲೆ ಬೋರ್ಡಿನ ನಂಬರಿಗೆ ಫೋನ್ ಮಾಡಿ, ಕ್ರಾಸಿಂಗ್ ಸಂಖ್ಯೆ ಹೇಳಿ. ಬೋರ್ಡ್ ಕಾಣದಿದ್ದರೆ ತುರ್ತು ಸಹಾಯದ ನಂಬರ್ 911. ಕಂಪನಿಯವರು ಆ ಮಾರ್ಗದ ಗಾಡಿಗಳನ್ನು ನಿಲ್ಲಿಸಲು ನೋಡುತ್ತಾರೆ. ಆದರೆ ಗಂಟೆಗೆ 55 ಮೈಲಿ ವೇಗದ, ತುಂಬಿದ ಗೂಡ್ಸ್ ರೈಲು ಬ್ರೇಕ್ ಹಾಕಿದ ಮೇಲೂ ಒಂದು ಮೈಲಿ, ಕೆಲವೊಮ್ಮೆ ಅದಕ್ಕೂ ಮುಂದೆ ಹೋಗಿ ನಿಲ್ಲುತ್ತದೆ. ಹಾಗಾಗಿ ಒಂದೊಂದು ನಿಮಿಷವೂ ಮುಖ್ಯ.

ಗೇಟಿನ ಕಂಬಿ ಸುಮ್ನೆ ಕೆಳಗಿಳಿದು ಮೇಲೇಳದಿದ್ದರೆ, ದೀಪ ಕೆಟ್ಟಿದ್ದರೆ ಕೂಡ ಇದೇ ನಂಬರ್.

ಗೇಟಿನಲ್ಲಿ ಗಾಡಿ ನಿಂತೇ ಇದ್ದರೆ

ಜನರ ದೂರುಗಳಲ್ಲಿ ಇದು ತುಂಬಾ ಕಷ್ಟದ್ದು. ಯಾಕೆ ನಿಲ್ಲುತ್ತದೆ? ಮುಂದಿನ ಯಾರ್ಡಿನಲ್ಲಿ ಜಾಗವಿಲ್ಲದಿರಬಹುದು. ಎದುರಿನ ಗಾಡಿಗೆ ದಾರಿ ಬಿಡಬೇಕಿರಬಹುದು. ಸಿಬ್ಬಂದಿಯ ಪಾಳಿ ಮುಗಿದಿರಬಹುದು. ಕಾನೂನಿನ ಪ್ರಕಾರ ಅವರು 12 ಗಂಟೆಗಿಂತ ಜಾಸ್ತಿ ಕೆಲಸ ಮಾಡುವಂತಿಲ್ಲ, ಬದಲಿ ತಂಡ ಬರುವವರೆಗೆ ಗಾಡಿ ನಿಂತಲ್ಲೇ. ಇದೆಲ್ಲದರ ಮೇಲೆ ಈಚಿನ ವರ್ಷಗಳಲ್ಲಿ ಕಂಪನಿಗಳು ಗಾಡಿಯನ್ನು ಉದ್ದ ಮಾಡುತ್ತಲೇ ಹೋಗಿವೆ. ಎರಡು ಮೈಲಿ ಉದ್ದದ ರೈಲು ಈಗ ಅಪರೂಪವೇನಲ್ಲ. ಗಾಡಿಯನ್ನು ಬದಿಗೆ ನಿಲ್ಲಿಸಲು ಹಾಕಿದ ಹಳೆಯ ಕಾಲದ ಪಕ್ಕದ ಹಳಿಗಳು, ಅಂದರೆ ಸೈಡಿಂಗ್‌ಗಳು, ಅಷ್ಟುದ್ದ ಇಲ್ಲ. ಬಾಲ ಊರೊಳಗೆ ಉಳಿಯುತ್ತದೆ. ಉದ್ದ ಮಾಡಿದರೆ ಉಳಿತಾಯ ಕಂಪನಿಗೆ, ಕಾಯುವ ಕೆಲಸ ಊರಿಗೆ. ನನಗೆ ಇದು ನ್ಯಾಯ ಅನ್ನಿಸುವುದಿಲ್ಲ. ಆದರೆ ಗಾಡಿ ಎಷ್ಟು ಹೊತ್ತು ಗೇಟಿನಲ್ಲಿ ನಿಲ್ಲಬಹುದು ಅನ್ನುವುದಕ್ಕೆ ಕೇಂದ್ರದ ಕಾನೂನಿನಲ್ಲಿ ಮಿತಿಯೇ ಇಲ್ಲ. ಒಹಾಯೊ ರಾಜ್ಯ ಐದು ನಿಮಿಷದ ಮಿತಿ ಹಾಕಿತ್ತು. 2022ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟೇ ಅದು ನಡೆಯುವುದಿಲ್ಲ ಎಂದಿತು. 2024ರ ಜನವರಿಯಲ್ಲಿ ದೇಶದ ಸುಪ್ರೀಂ ಕೋರ್ಟ್ ಮೇಲ್ಮನವಿ ಕೈಗೆತ್ತಿಕೊಳ್ಳಲಿಲ್ಲ.

ಮಕ್ಕಳಿಗೆ ಮಾತ್ರ ಒಂದು ಮಾತು ಗಟ್ಟಿಯಾಗಿ ಹೇಳಿಡಿ. ನಿಂತ ಗಾಡಿಯ ಕೆಳಗೆ ನುಸುಳುವುದು, ಬೋಗಿಗಳ ನಡುವೆ ಹತ್ತಿ ಇಳಿಯುವುದು ಬೇಡವೇ ಬೇಡ. ಇಂಡಿಯಾನಾದ ಹ್ಯಾಮಂಡ್ ಎಂಬ ಊರಲ್ಲಿ ಮಕ್ಕಳು ಹೀಗೆ ನುಸುಳಿ ಶಾಲೆಗೆ ಹೋಗುತ್ತಿದ್ದ ದೃಶ್ಯಗಳು 2023ರಲ್ಲಿ ದೇಶಕ್ಕೆಲ್ಲ ಗೊತ್ತಾದವು. ಗಾಡಿ ಹೊರಡುವ ಮುಂಚೆ ಹಾರ್ನ್ ಹೊಡೆದೇ ಹೊಡೆಯುತ್ತದೆ ಅಂತ ನಂಬುವ ಹಾಗಿಲ್ಲ. ಎಂಜಿನ್ ಒಂದು ಮೈಲಿ ಆಚೆ ಇದ್ದರೆ ಹೊಡೆದರೂ ಕೇಳಿಸದು.

ದಾರಿ ಇಲ್ಲವೇ ಇಲ್ಲ ಅಂತಲ್ಲ. ಆಂಬುಲೆನ್ಸ್ ಸಿಕ್ಕಿಹಾಕಿಕೊಂಡಂಥ ತುರ್ತು ಇದ್ದರೆ 911ಕ್ಕೆ ಹೇಳಿ. ಇಲ್ಲದಿದ್ದರೆ ನೀಲಿ ಬೋರ್ಡಿನ ನಂಬರಿಗೆ ಫೋನ್ ಮಾಡಿ. ಆಮೇಲೆ ಮರೆಯದೆ ಎಫ್‌ಆರ್‌ಎ ವೆಬ್‌ಸೈಟಿನಲ್ಲಿ ದೂರು ದಾಖಲಿಸಿ. ಮುಚ್ಚಿದ ಗೇಟುಗಳ ದೂರಿಗೆಂದೇ 2019ರ ಕೊನೆಯಲ್ಲಿ ಅಲ್ಲೊಂದು ಪುಟ ತೆರೆದಿದ್ದಾರೆ. ದೂರು ಹೀಗಿರಬಾರದು: "ಈ ರೈಲುಗಳ ಕಾಟ ತಡೆಯಲಾಗುತ್ತಿಲ್ಲ, ದಯವಿಟ್ಟು ಕ್ರಮ ಕೈಗೊಳ್ಳಿ." ಹೀಗಿರಲಿ: "ಕ್ರಾಸಿಂಗ್ ಸಂಖ್ಯೆ ಇಷ್ಟು. ಮಂಗಳವಾರ ಬೆಳಿಗ್ಗೆ 7.40ರಿಂದ 8.35ರವರೆಗೆ ಗಾಡಿ ನಿಂತಿತ್ತು. ಶಾಲಾ ಬಸ್ ಎರಡೂ ವಾಪಸ್ ಹೋದವು. ಕೆಲವರು ಬೋಗಿ ಹತ್ತಿ ದಾಟಿದರು."

ಇದರಿಂದ ಕಂಪನಿಗೆ ದಂಡ ಬೀಳುವುದಿಲ್ಲ, ಆಸೆ ಇಟ್ಟುಕೊಳ್ಳಬೇಡಿ. ಪ್ರಯೋಜನ ಬೇರೆ ಕಡೆ ಇದೆ. 2021ರ ಮೂಲಸೌಕರ್ಯ ಕಾನೂನಿನಲ್ಲಿ ಇಂಥ ಗೇಟುಗಳನ್ನು ತೆಗೆದು ಮೇಲ್ಸೇತುವೆ, ಕೆಳಸೇತುವೆ ಕಟ್ಟಲು ಐದು ವರ್ಷಕ್ಕೆ 300 ಕೋಟಿ ಡಾಲರ್ ಎತ್ತಿಟ್ಟರು. ಖರ್ಚಿನ 80 ಶೇಕಡದವರೆಗೆ ಕೇಂದ್ರ ಕೊಡುತ್ತದೆ, ಉಳಿದದ್ದನ್ನು ಊರು, ರಾಜ್ಯ, ಕಂಪನಿ ಸೇರಿ ಹೊಂದಿಸಬೇಕು. ಇಂಥ ಹಣಕ್ಕೆ ಅರ್ಜಿ ಹಾಕುವುದು ನೀವಲ್ಲ, ನಿಮ್ಮ ಸಿಟಿ ಅಥವಾ ಕೌಂಟಿ. ಮೇಯರ್ ಬೇಕು ಅಂದಿದ್ದು ಇದಕ್ಕೇ. "ಜನ ಬೇಸತ್ತಿದ್ದಾರೆ" ಅಂತ ಬರೆದ ಅರ್ಜಿಗಿಂತ, ಇದೇ ಕ್ರಾಸಿಂಗ್ ಸಂಖ್ಯೆಯಲ್ಲಿ ಇಷ್ಟು ದೂರು, ಇಷ್ಟಿಷ್ಟು ಹೊತ್ತು ಅಂತ ತೋರಿಸುವ ಅರ್ಜಿಗೆ ತೂಕ ಜಾಸ್ತಿ. ಹಾಗಾಗಿ ಒಬ್ಬರೇ ಬರೆಯಬೇಡಿ. ಬೀದಿಯವರೆಲ್ಲ ಬರೆಯಿರಿ, ಪ್ರತಿ ಸಲವೂ ಬರೆಯಿರಿ.

ಹಾರ್ನ್ ನಿಲ್ಲಿಸಬಹುದೇ?

ನಿಲ್ಲಿಸಬಹುದು. ನಿಧಾನವಾಗಿ, ಖರ್ಚು ಮಾಡಿ.

ಡ್ರೈವರ್ ಬೇಕೆಂದೇ ನಿಮ್ಮ ನಿದ್ದೆ ಕೆಡಿಸುತ್ತಿಲ್ಲ. 2005ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಸಾರ್ವಜನಿಕ ಕ್ರಾಸಿಂಗ್ ತಲುಪುವ 15ರಿಂದ 20 ಸೆಕೆಂಡ್ ಮುಂಚೆ ಹಾರ್ನ್ ಶುರು ಮಾಡಲೇಬೇಕು. ಎರಡು ಉದ್ದ, ಒಂದು ಚಿಕ್ಕದು, ಮತ್ತೊಂದು ಉದ್ದ. ಶಬ್ದ 96 ಡೆಸಿಬಲ್‌ಗಿಂತ ಕಡಿಮೆ ಇರಬಾರದು, 110 ಮೀರಬಾರದು. ಹತ್ತಿರ ಹತ್ತಿರ ಮೂರು ಗೇಟಿರುವ ಊರಲ್ಲಿ ಒಂದರದ್ದು ಮುಗಿಯುವಷ್ಟರಲ್ಲಿ ಇನ್ನೊಂದರದ್ದು ಶುರು.

ಇದೇ ನಿಯಮದಲ್ಲಿ "ಕ್ವಯಟ್ ಝೋನ್" ಎಂಬ ಅವಕಾಶವೂ ಇದೆ. ಕನಿಷ್ಠ ಅರ್ಧ ಮೈಲಿ ಉದ್ದದ ಜಾಗದಲ್ಲಿ ಹಾರ್ನ್ ಇಲ್ಲದೆ ಗಾಡಿ ಹೋಗಬಹುದು, ಆದರೆ ಹಾರ್ನ್ ಮಾಡುತ್ತಿದ್ದ ಕೆಲಸವನ್ನು ಬೇರೇನಾದರೂ ಮಾಡಬೇಕು. ಅಲ್ಲಿನ ಪ್ರತಿ ಸಾರ್ವಜನಿಕ ಕ್ರಾಸಿಂಗಿಗೂ ಕಂಬಿ, ಮಿನುಗುವ ದೀಪ ಇರಲೇಬೇಕು. ಅದರ ಮೇಲೆ, ಜನ ಕಂಬಿ ಬಳಸಿಕೊಂಡು ನುಗ್ಗದ ಹಾಗೆ ರಸ್ತೆ ಮಧ್ಯೆ ಡಿವೈಡರ್ ಕಟ್ಟಬಹುದು, ನಾಲ್ಕೂ ಕಡೆ ಕಂಬಿ ಹಾಕಬಹುದು, ರಸ್ತೆಯನ್ನು ಒನ್ ವೇ ಮಾಡಬಹುದು, ಅಥವಾ ಗೇಟನ್ನೇ ಮುಚ್ಚಬಹುದು. ಡಿವೈಡರ್ ಅಗ್ಗ. ನಾಲ್ಕು ಕಂಬಿಯ ವ್ಯವಸ್ಥೆ ಲಕ್ಷಗಟ್ಟಲೆ ಡಾಲರ್ ನುಂಗಬಹುದು. ಖರ್ಚು ಹೆಚ್ಚಾಗಿ ಊರಿನದೇ.

ಇದಕ್ಕೂ ಅರ್ಜಿ ಹಾಕುವುದು ಸಿಟಿಯೇ. ಮೊದಲು ಸಿಟಿ, ರೈಲು ಕಂಪನಿ, ರಾಜ್ಯ, ಎಫ್‌ಆರ್‌ಎ ಕಡೆಯವರು ಒಟ್ಟಿಗೆ ಬಂದು ಜಾಗ ನೋಡುತ್ತಾರೆ. ಆಮೇಲೆ ಉದ್ದೇಶದ ನೋಟಿಸ್, ಅಭಿಪ್ರಾಯ ಹೇಳಲು 60 ದಿನ. ಕಟ್ಟುವುದೆಲ್ಲ ಮುಗಿದ ಮೇಲೆ ಇನ್ನೊಂದು ನೋಟಿಸ್, ಅದಾಗಿ ಕಡೇಪಕ್ಷ 21 ದಿನ ಕಳೆದರೆ ಹಾರ್ನ್ ನಿಲ್ಲುತ್ತದೆ. ಇಷ್ಟೆಲ್ಲ ಆಗಲು ವರ್ಷಗಳೇ ಹಿಡಿಯುತ್ತವೆ. ನೀವು ಮಾಡಬೇಕಾದದ್ದು ಇಷ್ಟೆ: ಕೌನ್ಸಿಲ್ ಸಭೆಗೆ ಹತ್ತಾರು ನೆರೆಯವರ ಜೊತೆ ಹೋಗಿ, ಮುಂದಿನ ಬಜೆಟ್ಟಿನಲ್ಲಿ ಪ್ರಾಥಮಿಕ ಅಧ್ಯಯನಕ್ಕೆ ಹಣ ಇಡಿ ಅಂತ ಕೇಳುವುದು. ನೇರವಾಗಿ "ಹಾರ್ನ್ ನಿಲ್ಲಿಸಿ" ಅಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅಂದಹಾಗೆ, ಹಳಿಯ ಮೇಲೆ ಯಾರಾದರೂ ಕಂಡರೆ ಕ್ವಯಟ್ ಝೋನ್‌ನಲ್ಲೂ ಡ್ರೈವರ್ ಹಾರ್ನ್ ಹೊಡೆಯುತ್ತಾರೆ. ಅದಕ್ಕೆ ದೂರು ಕೊಡಬೇಡಿ.

ಟ್ಯಾಂಕರಿನಲ್ಲಿ ಏನಿದೆ?

ಟ್ಯಾಂಕರ್ ಬೋಗಿಯ ಪಕ್ಕದಲ್ಲಿ ವಜ್ರಾಕಾರದ ಫಲಕ, ಅದರೊಳಗೆ ನಾಲ್ಕು ಅಂಕಿ ಇರುತ್ತದೆ. 1075 ಎಂದರೆ ಎಲ್‌ಪಿಜಿ, 1203 ಪೆಟ್ರೋಲ್, 1017 ಕ್ಲೋರಿನ್, 1086 ವಿನೈಲ್ ಕ್ಲೋರೈಡ್. ಇವೆಲ್ಲದರ ಪಟ್ಟಿ ಎಮರ್ಜೆನ್ಸಿ ರೆಸ್ಪಾನ್ಸ್ ಗೈಡ್‌ಬುಕ್ ಎಂಬ ಕೈಪಿಡಿಯಲ್ಲಿದೆ, ಉಚಿತವಾಗಿ ಸಿಗುತ್ತದೆ. ಇವನ್ನು ನಮ್ಮೂರಿನ ಮೇಲೆ ತರಬೇಡಿ ಎನ್ನಲು ಊರಿಗೆ ಹಕ್ಕಿಲ್ಲ. ಕಂಪನಿಗೂ ಸಾಗಿಸಲಾರೆ ಎನ್ನುವ ಸ್ವಾತಂತ್ರ್ಯವಿಲ್ಲ, ನಿಯಮ ಪ್ರಕಾರ ತುಂಬಿ ಕೊಟ್ಟದ್ದನ್ನು ಒಯ್ಯಲೇಬೇಕು.

2023ರ ಫೆಬ್ರವರಿ 3ರಂದು ಒಹಾಯೊದ ಈಸ್ಟ್ ಪ್ಯಾಲಸ್ಟೀನ್‌ನಲ್ಲಿ ನಾರ್ಫೋಕ್ ಸದರ್ನ್‌ನ ಗಾಡಿಯೊಂದರ 38 ಬೋಗಿಗಳು ಹಳಿ ತಪ್ಪಿದವು. ಬೇರಿಂಗ್ ಒಂದು ಕಾದು ಮುರಿದದ್ದು ಕಾರಣ. ಮೂರು ದಿನದ ಮೇಲೆ ಐದು ಟ್ಯಾಂಕರ್ ವಿನೈಲ್ ಕ್ಲೋರೈಡನ್ನು ಬೇಕೆಂದೇ ಹೊರಬಿಟ್ಟು ಸುಟ್ಟರು. ಹಾಗೆ ಸುಡುವ ಅಗತ್ಯವೇ ಇರಲಿಲ್ಲ ಎಂದು 2024ರಲ್ಲಿ ತನಿಖಾ ಮಂಡಳಿ ಹೇಳಿತು. ಅಂಥ ಗಳಿಗೆಯಲ್ಲಿ ತೀರ್ಮಾನ ಮಾಡುವವರ ಕೈಗೆ ಸರಿಯಾದ ಮಾಹಿತಿ ಬೇಗ ಸಿಗಬೇಕು. ಊರಿನವರು ಮೊದಲೇ ವಿಚಾರಿಸಬೇಕಾದದ್ದು ಇದನ್ನೇ.

ವಿಚಾರಿಸಲು ಜಾಗವೂ ಇದೆ. ಕೌಂಟಿ ಅಥವಾ ಜಿಲ್ಲೆ ಮಟ್ಟದಲ್ಲಿ ಲೋಕಲ್ ಎಮರ್ಜೆನ್ಸಿ ಪ್ಲಾನಿಂಗ್ ಕಮಿಟಿ ಇರುತ್ತದೆ. ಇಂಥ ಕಮಿಟಿ ಇರಬೇಕೆಂಬ ಕಾನೂನು 1986ರಲ್ಲಿ ಬಂತು, ಅದಕ್ಕೆ ಮುಖ್ಯ ಕಾರಣ 1984ರ ಭೋಪಾಲ ದುರಂತ. ಸಭೆಗಳು ಸಾರ್ವಜನಿಕ, ಆದರೂ ಬರುವವರು ಕಡಿಮೆ. ಹೋಗಿ ಕೇಳಿ: ನಮ್ಮ ಅಗ್ನಿಶಾಮಕ ದಳದವರು ಬೋಗಿ ಸಂಖ್ಯೆ ಹಾಕಿದರೆ ಒಳಗಿರುವುದೇನೆಂದು ತೋರಿಸುವ ಆಸ್ಕ್‌ರೈಲ್ ಆಪ್ ಬಳಸುತ್ತಾರಾ? ಅದು ನಮ್ಮ ನಿಮ್ಮ ಫೋನಿಗೆ ಸಿಗುವುದಿಲ್ಲ, ಅವರಿಗೆ ಮಾತ್ರ. ರೈಲು ಕಂಪನಿ ಜೊತೆ ಕೊನೆಯ ಅಣಕು ತಾಲೀಮು ಯಾವಾಗ ಆಯಿತು? ಹಳಿಯ ಆಚೆ ಈಚೆ ಎರಡೂ ಕಡೆಯಿಂದ ಊರು ಬಿಡಲು ದಾರಿ ಇದೆಯಾ?

ಇನ್ನು ಚಿಲ್ಲರೆ ತೊಂದರೆಗಳು

ಕ್ರಾಸಿಂಗಿನ ಹಲಗೆ ಎದ್ದು ಟೈರ್ ಬಡಿಯುವುದು, ಚರಂಡಿ ಕಟ್ಟಿ ನೀರು ಹಿತ್ತಲಿಗೆ ನುಗ್ಗುವುದು, ಕಳೆ ಬೆಳೆದು ಸಿಗ್ನಲ್ ಕಾಣದಿರುವುದು. ಇವಕ್ಕೆ ಕಂಪನಿಗೆ ನೇರವಾಗಿ ಬರೆಯಿರಿ, ಫೋಟೊ ಮತ್ತು ಕ್ರಾಸಿಂಗ್ ಸಂಖ್ಯೆ ಸಮೇತ. ದೊಡ್ಡ ಕಂಪನಿಗಳಲ್ಲಿ ಊರುಗಳ ಜೊತೆ ವ್ಯವಹರಿಸಲು "ಪಬ್ಲಿಕ್ ಪ್ರಾಜೆಕ್ಟ್ಸ್" ವಿಭಾಗ ಇರುತ್ತದೆ. ಸಿಟಿ ಎಂಜಿನಿಯರ್ ಬಳಿ ಅಲ್ಲಿನವರ ಹೆಸರು ಸಾಮಾನ್ಯವಾಗಿ ಇರುತ್ತದೆ, ಕೇಳಿ ಪಡೆಯಿರಿ. ಫೋಟೊ ತೆಗೆಯುವಾಗ ಹಳಿಯ ಮೇಲೆ ನಿಲ್ಲಬೇಡಿ. ಅದು ಖಾಸಗಿ ಜಾಗ, ಕಂಪನಿಗಳಿಗೆ ತಮ್ಮದೇ ಪೊಲೀಸರಿದ್ದಾರೆ. ಬೋಗಿಗಳು ಹಳಿಯಿಂದ ಮೂರು ಅಡಿಗೂ ಹೆಚ್ಚು ಆಚೆಗೆ ಚಾಚಿಕೊಂಡಿರುತ್ತವೆ.

ಇನ್ನೂ ಮನೆ ಕೊಳ್ಳದವರು ಏಜೆಂಟರ ಮಾತು ಕೇಳುವ ಬದಲು ಹತ್ತಿರದ ಗೇಟಿನ ನೀಲಿ ಬೋರ್ಡ್ ನೋಡಿ ಬನ್ನಿ. ಆ ಸಂಖ್ಯೆಯನ್ನು ಎಫ್‌ಆರ್‌ಎಯ ಕ್ರಾಸಿಂಗ್ ಮಾಹಿತಿ ಪುಟದಲ್ಲಿ ಹಾಕಿದರೆ ಹಗಲು ಎಷ್ಟು ರೈಲು, ರಾತ್ರಿ ಎಷ್ಟು, ಕ್ವಯಟ್ ಝೋನ್ ಇದೆಯೇ ಎಂಬುದೆಲ್ಲ ಬರುತ್ತದೆ. ಆ ಪುಟದಲ್ಲೇ ಮಾಹಿತಿ ಕೊನೆಯದಾಗಿ ಬದಲಾದ ದಿನಾಂಕವೂ ಇರುತ್ತದೆ. ಅದು ಹಳೆಯದಾಗಿದ್ದರೆ ಒಂದು ವಾರದ ದಿನ ರಾತ್ರಿ ಆ ಬೀದಿಯಲ್ಲಿ ಕಾರು ನಿಲ್ಲಿಸಿಕೊಂಡು ಸ್ವಲ್ಪ ಹೊತ್ತು ಕೂತು ನೋಡಿ, ಆಮೇಲೆ ಅಡ್ವಾನ್ಸ್ ಕೊಡಿ.